ಬಿದಿರಿನ ಸೂರು ವಿಮಾನ ಹತ್ತುವವರಿಗೆ ಮಾತ್ರವಾ?

ಸಂಪಾದಕರಿಗೆ ನಮಸ್ಕಾರ,

ನಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ 'ಹೈಟೆಕ್ ಸ್ಪರ್ಶ' ಸಿಕ್ಕಿದೆ ಅಂತ ಹೋದ ವಾರ ಪತ್ರಿಕೆಯಲ್ಲಿ ಓದಿದೆ. ಫೋಟೊ ಚೆನ್ನಾಗಿತ್ತು. ಮಳೆ ಇಲ್ಲದ ದಿನ ತೆಗೆದದ್ದು ಅಂತ ಕಾಣುತ್ತದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ದಿನಾ ಬಸ್ ಹತ್ತುವವನು ನಾನು, ಅದಕ್ಕೇ ಈ ಪತ್ರ.

ಮುಂದುಗಡೆ ನೀಲಿ ಗಾಜು, ಸುತ್ತ ಎಸಿಪಿ ಶೀಟು, ಅಂದರೆ ಅಂಗಡಿ ಮುಂಗಟ್ಟುಗಳಿಗೆ ಹೊಡೆಯುವ ಅಲ್ಯೂಮಿನಿಯಂ ಹಾಳೆ. ಬೋರ್ಡು ಓದದಿದ್ದರೆ ಮೊಬೈಲ್ ಅಂಗಡಿಯೋ, ಕಲ್ಯಾಣ ಮಂಟಪವೋ, ನರ್ಸಿಂಗ್ ಹೋಮೋ ಗೊತ್ತಾಗುವುದಿಲ್ಲ. ನೋಡೋಕೆ ಭರ್ಜರಿಯಾಗಿ ಇರಲಿ ಅಂತ ಸೂರನ್ನು ಎರಡಾಳೆತ್ತರಕ್ಕೆ ಏರಿಸಿದ್ದಾರೆ, ಆದರೆ ಮುಂದಕ್ಕೆ ಚಾಚಿಲ್ಲ. ಹಾಗಾಗಿ ಗಾಳಿಮಳೆ ಬಂದರೆ ಇರಚಲು ಮೂರನೇ ಸಾಲಿನ ಕುರ್ಚಿವರೆಗೂ ಹೊಡೆಯುತ್ತದೆ. ಆ ಕುರ್ಚಿಗಳೋ, ತೂತು ತೂತಿನ ಸ್ಟೀಲ್‌ನವು. ಮಧ್ಯಾಹ್ನ ಮೂರು ಗಂಟೆಗೆ ಗಾಜಿನಿಂದ ಬಿಸಿಲು ಬಿದ್ದ ಮೇಲೆ ಟವೆಲ್ ಹಾಸದೆ ಕೂತು ನೋಡಿ! ಹಳೇ ನಿಲ್ದಾಣದಲ್ಲಿ ಪ್ರತಿ ಕಂಬದ ಬುಡಕ್ಕೂ ಕಲ್ಲು ಚಪ್ಪಡಿಯ ಕಟ್ಟೆ ಇತ್ತು. ಸಂತೆ ದಿನ ಮೂಟೆ ಇಟ್ಟು ಅದಕ್ಕೇ ಒರಗಿ ಅರ್ಧ ಗಂಟೆ ನಿದ್ದೆ ತೆಗೆಯುತ್ತಿದ್ದ ಅಜ್ಜಿಯರನ್ನು ನಾನೇ ಎಷ್ಟೋ ಸಲ ಬಸ್ ಬಂತು ಅಂತ ಎಬ್ಬಿಸಿದ್ದೇನೆ. ಈಗ ಕುರ್ಚಿಗೊಂದು ಕೈ ಇದೆ, ಮಲಗುವ ಮಾತೇ ಇಲ್ಲ.

ಮೊನ್ನೆ ಬೇಸಿಗೆಯಲ್ಲಿ ಮಸ್ಕತ್‌ನಲ್ಲಿರುವ ಮಗಳ ಮನೆಗೆ ಹೋಗುವಾಗ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಒಳಗೆ ಮೊದಲ ಸಲ ಕಾಲಿಟ್ಟೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತಲ್ಲ, ಅದೇ. ಅಮೆರಿಕದ ಎಸ್‌ಒಎಂ ಸಂಸ್ಥೆಯವರು ವಿನ್ಯಾಸ ಮಾಡಿದ್ದು. ನಿಜ ಹೇಳಬೇಕಂದರೆ ಬಾಯಿ ತೆರೆದುಕೊಂಡು ನಿಂತುಬಿಟ್ಟೆ, ಹಿಂದಿನವರು ಟ್ರಾಲಿಯಲ್ಲಿ ಗುದ್ದಿದ ಮೇಲೆ ಎಚ್ಚರವಾಯಿತು. ತಲೆ ಮೇಲೆ ಬಿದಿರಿನ ಪಟ್ಟಿಗಳ ಹೆಣಿಗೆ, ಅದರ ಸಂದಿಯಿಂದ ಬಿಸಿಲು ಸೋಸಿಕೊಂಡು ಕೆಳಗಿಳಿಯುತ್ತದೆ. ಕಂಬಗಳಿಗೂ ಬಿದಿರಿನ ಹೊದಿಕೆ. ಮೇಲಿಂದ ಗಂಟೆ ತೂಗುಹಾಕಿದ ಹಾಗೆ ಗಿಡಗಳು. ಮರದ ನೆರಳಲ್ಲಿ ನಿಂತ ಹಾಗಿತ್ತು. ಒಳಾಂಗಣಕ್ಕೆ 2023ರಲ್ಲಿ ಪ್ರಿ ವರ್ಸೇಲ್ಸ್ ಪ್ರಶಸ್ತಿಯೂ ಬಂದಿದೆ.

ಸುಮಾರು 5,000 ಕೋಟಿ ರೂಪಾಯಿ ಕಟ್ಟಡ ಅದು. ನಮ್ಮೂರಿಗೂ ಅಷ್ಟು ಕೊಡಿ ಅಂತ ಕೇಳುತ್ತಿಲ್ಲ. ಕೂರುವವರಿಗೆ ಬಿಸಿಲು ಎಲ್ಲಿಂದ ಬೀಳುತ್ತೆ ಅಂತ ಅಲ್ಲಿ ಯಾರೋ ಕೂತು ಯೋಚನೆ ಮಾಡಿದ್ದಾರೆ, ಅದಕ್ಕೆ ಕೋಟಿಗಟ್ಟಲೆ ಬೇಕಾ?

ಬೇಡ ಅನ್ನೋದಕ್ಕೆ ತಿರುವನಂತಪುರದ ಇಂಡಿಯನ್ ಕಾಫಿ ಹೌಸ್ ಸಾಕು. ತಂಬಾನೂರು ಬಸ್ ನಿಲ್ದಾಣದ ಹತ್ತಿರವೇ ಇದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದು, ಇಲ್ಲಿನವರೇ ಆಗಿ, 2007ರಲ್ಲಿ ಅದೇ ಊರಲ್ಲಿ ತೀರಿಕೊಂಡರು. ಕೆಂಪು ಇಟ್ಟಿಗೆಯ ದುಂಡನೆ ಗೋಪುರ, ಒಳಗೆ ಮೆಟ್ಟಿಲಿಲ್ಲ. ಬಸವನಹುಳುವಿನ ಚಿಪ್ಪಿನ ಹಾಗೆ ನೆಲವೇ ಸುತ್ತುತ್ತಾ ಮೇಲೇರುತ್ತದೆ. ಹೊರಗೋಡೆಗೆ ಅಂಟಿದ ಹಾಗೆ ಗಾರೆಯಲ್ಲೇ ಕಟ್ಟಿದ ಮೇಜು, ಬೆಂಚು. ನೆಲ ಇಳಿಜಾರು, ಮೇಜು ಮಾತ್ರ ಮಟ್ಟ, ಕಾಫಿ ಚೆಲ್ಲುವುದಿಲ್ಲ. ಗೋಡೆ ತುಂಬ ಇಟ್ಟಿಗೆ ಬಿಟ್ಟು ಮಾಡಿದ ಜಾಲಂಧ್ರ. ಗಾಳಿ ಬರುತ್ತದೆ, ಬೆಳಕು ಚೂರು ಚೂರಾಗಿ ಬೀಳುತ್ತದೆ. ಅಲ್ಲಿ ಕೂತು ಒಂದು ಕಟ್ಲೆಟ್ ತಿಂದು, ಇಟ್ಟಿಗೆ ಎಣಿಸುತ್ತಾ ಬಸ್ಸನ್ನೇ ತಪ್ಪಿಸಿಕೊಂಡವನು ನಾನು. ಬೇಸರ ಆಗಲಿಲ್ಲ.

ಬೇಕರ್ ಬಳಸುತ್ತಿದ್ದ ಇನ್ನೊಂದು ಉಪಾಯ ಕೇಳಿ. ಆರ್‌ಸಿಸಿ ತಾರಸಿಯಲ್ಲಿ ಕೆಳಭಾಗದ ಕಾಂಕ್ರೀಟು ಹೆಚ್ಚೇನೂ ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯೋದು ಕಬ್ಬಿಣ. ಹಾಗಾದರೆ ಅಲ್ಲಿ ಕಾಂಕ್ರೀಟ್ ಯಾಕೆ ಸುರಿಯಬೇಕು? ಕಂಬಿಗಳ ನಡುವೆ ಮಂಗಳೂರು ಹೆಂಚು ಇಟ್ಟರಾಯಿತು. ಸಿಮೆಂಟು ಉಳಿಯಿತು, ತೂಕ ಇಳಿಯಿತು, ಒಳಗೆ ಕಾವೂ ಕಡಿಮೆ. ಹೆಂಚು ನಮ್ಮದು, ಬಳಕೆ ಅಲ್ಲಿ. ಬೆಂಗಳೂರಿನ ಐಐಎಸ್‌ಸಿಯವರು ಹಳ್ಳಿಗಳಿಗೆಂದೇ 1974ರಲ್ಲಿ 'ಅಸ್ತ್ರ' ಅಂತ ಒಂದು ಕಾರ್ಯಕ್ರಮ ಶುರು ಮಾಡಿ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆಯಲ್ಲಿ ಮನೆ ಕಟ್ಟಿ ತೋರಿಸಿದ್ದಾರೆ. ಕಲ್ಲು ಬೇಕಾ? ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು, ಒರಟು ಬೂದುಗಲ್ಲಿನ ಗೋಡೆ, ಅರ್ಧ ಬಿಸಿಲು ಅರ್ಧ ನೆರಳಿನ ಓಣಿಗಳು, ಎಲ್ಲೆಂದರಲ್ಲಿ ಕೂರುವ ಹಾಗೆ ಮಾಡಿದ್ದಾರೆ. ನಮ್ಮ ತಾಲ್ಲೂಕಲ್ಲಿ ಕಲ್ಲಿಗೇನು ಬರವೇ? ಎಸಿಪಿ ಶೀಟು ಲಾರಿಯಲ್ಲಿ ಬಂತು, ಕಲ್ಲು ಕ್ವಾರಿಯಲ್ಲೇ ಉಳಿಯಿತು.

ಕಲೆಯ ಕೋಟಾ ಅಂತಲೂ ಒಂದು ಇತ್ತೇನೋ, ಮುಂಬಾಗಿಲ ಬಳಿ ಊರಿನ ಹೆಸರು ಹಾಕಿ 'ಐ ಲವ್' ಅಂತ ಆಳೆತ್ತರದ ಇಂಗ್ಲಿಷ್ ಅಕ್ಷರ ನಿಲ್ಲಿಸಿದ್ದಾರೆ. ಸೆಲ್ಫಿ ಪಾಯಿಂಟ್ ಅಂತೆ. ಹಳೇ ಕಟ್ಟೆ ಒಡೆದ ಜಾಗವೇ ಅದು. ಮೊದಲ ವಾರ ಹುಡುಗರು ಫೋಟೊ ತೆಗೆದುಕೊಂಡರು. ಈಗ ಹೂವಿನಮ್ಮ 'ವಿ' ಅಕ್ಷರಕ್ಕೆ ಬುತ್ತಿ ಚೀಲ ಸಿಗಿಸುತ್ತಾಳೆ. ಅಕ್ಷರಗಳಿಗೆ ಗ್ರಾನೈಟ್ ಹಾಕಿದ ಪೀಠ ಇದೆ, ಸರಿಯಾಗಿ ಹಳೇ ಕಟ್ಟೆಯಷ್ಟೇ ಎತ್ತರ. ಜನ ಎಲ್ಲಾ ಬಂದು ಕೂರೋದು ಅಲ್ಲೇ. ಆ ಡಿಸೈನರ್‌ಗೆ ಗೊತ್ತಿಲ್ಲದೆ ಒಂದು ಕೆಲಸ ಸರಿಯಾಗಿ ಆಗಿದೆ.

ಎರಡನೇ ಹಂತದ ಕಾಮಗಾರಿ ಶುರುವಾಗಲಿದೆ ಅಂತ ಅದೇ ವರದಿಯಲ್ಲಿತ್ತು. ನನ್ನದು ಒಂದೇ ಕೋರಿಕೆ. ನಕ್ಷೆ ಬರೆಯುವವರು ಆಷಾಢದ ಒಂದು ಸಂಜೆ ಐದು ಗಂಟೆಗೆ ನಮ್ಮ ನಿಲ್ದಾಣಕ್ಕೆ ಬರಲಿ. ಕಾರಲ್ಲಿ ಬೇಡ, ಬಸ್ಸಲ್ಲಿ. ಮೂರನೇ ಸಾಲಿನಲ್ಲಿ ಕೂರಲಿ. ಛತ್ರಿ ನಾನು ತರುತ್ತೇನೆ.

— ದಿನನಿತ್ಯದ ಪ್ರಯಾಣಿಕ, ತುಮಕೂರು ಜಿಲ್ಲೆ