ಕಾಟಾ 82ಕ್ಕ ನಿಂತಿತ್ತು, ಕಾರಣ ನನ್ನ ಟೇಬಲ್ ಡ್ರಾದಾಗ ಇತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದ ನಿಮ್ಮ ಪೇಪರಿನ ಆರೋಗ್ಯ ಪುಟದಾಗ ಕಾರ್ಬ್ಸ್ (ಅನ್ನ, ರೊಟ್ಟಿ, ಸಿಹಿಯಾಗ ಇರೋ ಪಿಷ್ಟ, ಸಕ್ರಿ) ಕಡಿಮಿ ಮಾಡಿ ಕೊಬ್ಬು ಜಾಸ್ತಿ ತಿನ್ನೋ ಡಯಟ್ ಬಗ್ಗೆ ಲೇಖನ ಬಂದಿತ್ತು. ಚೊಲೋ ಇತ್ತು, ಆದ್ರ ಅದ್ರಾಗ ಬೆಣ್ಣೆಹಣ್ಣಿನ ಫೋಟೊ ಹಾಕಿದ್ರಿ, ಗಂಗಾವತಿ ಸಂತ್ಯಾಗ ಬೆಣ್ಣೆಹಣ್ಣು ಕೇಳಿದ್ರ ಬೆಣ್ಣಿ ಅಂಗಡಿ ಆ ಕಡೆ ಐತಿ ನೋಡ್ರಿ ಅಂತಾರ. ಅದಿರ್ಲಿ. ನನ್ನ ತಕರಾರು ಬ್ಯಾರೆ. ಈ ಡಯಟ್ ಹೆಂಗ ಶುರು ಮಾಡಬೇಕು, ಮೊದಲ ತಿಂಗಳು ಎಷ್ಟು ಇಳೀತದ ಅನ್ನೋದನ್ನ ಎಲ್ಲಾರೂ ಬರೀತಾರ, ನಾಕು ತಿಂಗಳ ಆದ ಮ್ಯಾಲೆ ತೂಕ ಒಂದ ಕಡೆ ಕುಂತು ಅಳ್ಳಾಡದಂಗ ಆದಾಗ ಏನು ಮಾಡಬೇಕು ಅನ್ನೋದನ್ನ ಯಾರೂ ಬರಿಯಂಗಿಲ್ಲ. ಮಂದಿ ಬಿಡೋದು ಅಲ್ಲೇ. ನಾನೂ ಬಿಡಾಕ ಹತ್ತಿದ್ದೆ, ಅದಕ್ಕ ಈ ಪತ್ರ.

ನಾನು ಇಲ್ಲಿ ಒಂದು ರೈಸ್ ಮಿಲ್ಲಿನ ಗುಮಾಸ್ತ, ವಯಸ್ಸು 47. ದಿನಾ ಸೋನಾ ಮಸೂರಿ ಬಿಲ್ ಮಾಡಾವ ಮನ್ಯಾಗ ಅನ್ನ ಬಿಟ್ಟಾನ ಅಂದ್ರ ಹಮಾಲರು ಬಿದ್ದು ಬಿದ್ದು ನಕ್ಕಿದ್ರು. ಎತ್ತರ 5 ಅಡಿ 6 ಇಂಚು, ಹೋದ ಜುಲೈದಾಗ ತೂಕ 94 ಕೆಜಿ. ಅನ್ನ, ರೊಟ್ಟಿ, ಮಂಡಕ್ಕಿ ಒಗ್ಗರಣಿ, ಸಕ್ರಿ ಚಾ ಎಲ್ಲಾ ಬಿಟ್ಟು ತತ್ತಿ, ಕೋಳಿ, ಪುಂಡಿ ಪಲ್ಯ, ಬದ್ನೀಕಾಯಿ, ಮೊಸರು, ಶೇಂಗಾ, ತುಪ್ಪ ಹಿಡದೆ. ರೊಟ್ಟಿ ಯಾಕ ಬಿಟ್ಟಿ, ಜ್ವಾಳ ಶುಗರಿಗೆ ಚೊಲೋ ಅಂತಾರಲ್ಲ ಅಂತ ನಮ್ಮವ್ವ ಜಗಳ ತಗದ್ಲು. ಖರೇ, ಅಕ್ಕಿಗಿಂತ ನಾರು ಜಾಸ್ತಿ ಐತಿ, ಆದ್ರ 50 ಗ್ರಾಂ ಹಿಟ್ಟಿನ ಒಂದು ರೊಟ್ಯಾಗ ಹೆಚ್ಚುಕಮ್ಮಿ 35 ಗ್ರಾಂ ಕಾರ್ಬ್ಸ್ ಇರ್ತದ, ನಮ್ಮಂತಾವ್ರು ಎರಡಕ್ಕ ನಿಲ್ಲಂಗಿಲ್ಲ.

ಮೊದಲ ಮೂರು ವಾರದಾಗ 5 ಕೆಜಿ ಹೋತು. ಊರೆಲ್ಲಾ ಹೇಳ್ಕೊಂಡು ಅಡ್ಡಾಡಿದೆ. ಅದ್ರಾಗ ದೊಡ್ಡ ಪಾಲು ನೀರು ಅಂತ ಆಗ ಗೊತ್ತಿರ್ಲಿಲ್ಲ. ನಮ್ಮ ಲಿವರ್ನಾಗ, ಸ್ನಾಯುನಾಗ ಗ್ಲೈಕೋಜನ್ ಅಂತ ಸಕ್ರಿ ಕೂಡಿಟ್ಟಿರ್ತದ, ಒಂದು ಗ್ರಾಂ ಗ್ಲೈಕೋಜನ್ ಜೋಡಿ ಸುಮಾರು 3 ಗ್ರಾಂ ನೀರೂ ಇರ್ತದ, ಕಾರ್ಬ್ಸ್ ನಿಲ್ಲಿಸಿದ್ರ ಎರಡೂ ಖಾಲಿ. ನವೆಂಬರ್ ಅರ್ಧಕ್ಕ 82ಕ್ಕ ಬಂದೆ. ಅಲ್ಲಿಂದ ಜನವರಿ ಮುಗಿಯೋತನಕ, ಹನ್ನೊಂದು ವಾರ, 82. ಒಂದಿನ 81.6, ಮರುದಿನ 82.3, ಮತ್ತ 82. ದಿನಾ ಮುಂಜಾನೆ ಕಾಟಾ ಮ್ಯಾಲೆ ನಿಂತು ಸಿಟ್ಟಿಗೇಳೋದು, ಮನಿಯಾಕಿ ಮ್ಯಾಲೆ ಒದರೋದು.

ಸಲಹೆ ಕೊಡಾವ್ರಿಗೆ ಏನು ಬರ ಇಲ್ರಿ. ಒಬ್ರು ತುಪ್ಪ ಇನ್ನೂ ಜಾಸ್ತಿ ಮಾಡು, ಕೊಬ್ಬು ತಿಂದ್ರ ಕೊಬ್ಬು ಕರಗ್ತದ ಅಂದ್ರು, ಫೋನ್ನಾಗ ವಿಡಿಯೊನೂ ಕಳಿಸಿದ್ರು, ನಾನು ಮುಂಜಾನಿ ಕಾಫ್ಯಾಗ ತುಪ್ಪ ಹಾಕ್ಕೊಂಡು ಕುಡಿಯಾಕ ಶುರು ಮಾಡಿದೆ. ಇನ್ನೊಬ್ರು ಪೌಡರ್ ಡಬ್ಬಿ ಮಾರಾಕ ಬಂದ್ರು, ಒಂದ ತಿಂಗಳಿಂದು ನನ್ನ ಅರ್ಧ ಪಗಾರ, ಕೈಮುಗಿದು ಕಳಿಸಿದೆ. ತುಪ್ಪದ ಕಾಫಿ ಮಾತ್ರ ಮುಂದುವರೀತು.

ಗುಟ್ಟು ಬಿಟ್ಟುಕೊಟ್ಟಿದ್ದು ಮಿಲ್ಲಿನ ಕಾಟಾ. ಅಕ್ಕಿಯಾಗ ನುಚ್ಚು ಎಷ್ಟು ಪರ್ಸೆಂಟ್ ಐತಿ ಅಂತ ನೋಡಾಕ ಸ್ಯಾಂಪಲ್ ತೂಗೋ ಸಣ್ಣ ಎಲೆಕ್ಟ್ರಾನಿಕ್ ಕಾಟಾ ಇರ್ತದಲ್ಲ, ಗ್ರಾಂ ಲೆಕ್ಕ ಪಕ್ಕಾ ತೋರಿಸ್ತದ. ನನ್ನ ಟೇಬಲ್ ಡ್ರಾದಾಗ ಹುರಿದ ಶೇಂಗಾದ ಒಂದು ಡಬ್ಬಿ ಇರ್ತಿತ್ತು, ಬಿಲ್ ಬರಕೋತ ಬರಕೋತ ಕೈ ಹಾಕೋದು. ಕಾರ್ಬ್ಸ್ ಕಡಿಮಿ ಐತಿ, ತಿಂದ್ರ ಏನಾಗ್ತದ ಅನ್ನೋ ಧೈರ್ಯ. ಫೆಬ್ರವರಿ ಮೊದಲ ವಾರ ಒಂದಿನ ಮುಂಜಾನೆ ಡಬ್ಬಿ ತೂಗಿ ಇಟ್ಟೆ, ಸಂಜಿಗೆ ಮತ್ತ ತೂಗಿದೆ, 110 ಗ್ರಾಂ ಖಾಲಿ ಆಗಿತ್ತು! ಶೇಂಗಾ 100 ಗ್ರಾಂಗೆ ಸುಮಾರು 570 ಕ್ಯಾಲೊರಿ, ಅಂದ್ರ ನಾನು ಊಟ ಅಂತ ಲೆಕ್ಕಕ್ಕೇ ಹಿಡೀದ ಆ ಶೇಂಗಾ ಒಂದ 600 ದಾಟ್ತಿತ್ತು, ಮ್ಯಾಲೆ 17-18 ಗ್ರಾಂ ಕಾರ್ಬ್ಸ್ ಬ್ಯಾರೆ. ರಾತ್ರಿ ಮನಿಗೆ ಬಂದು ತುಪ್ಪದ ಲೆಕ್ಕ ಹಾಕಿದೆ, ಕಾಫಿಗೆ, ಪಲ್ಯಾಕ್ಕ, ತತ್ತಿಗೆ ಎಲ್ಲಾ ಕೂಡಿ ದಿನಾ 45 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಕಾರ್ಬ್ಸಿಗೆ, ಪ್ರೋಟೀನಿಗೆ 4. ಅಲ್ಲಿಗೆ ತುಪ್ಪದ್ದು 400. ಎರಡೂ ಕೂಡಿದ್ರ ಸಾವಿರ ಕ್ಯಾಲೊರಿ, ಇದ್ರಾಗ ಹೊಟ್ಟಿ ತುಂಬೋ ಊಟ ಒಂದೂ ಇಲ್ಲ. ಡಯಟ್ ಹೆಸರು ಕೊಬ್ಬು ಜಾಸ್ತಿ ಅಂತ ಇರೋದಕ್ಕ ಮೋಸ ಆಗಿದ್ದು. ಹೊಟ್ಟಿ ಮ್ಯಾಲಿನ ಕೊಬ್ಬು ಕರಗಬೇಕು ಅಂದ್ರ ಅದನ್ನ ಖರ್ಚು ಮಾಡೋ ಪಾಳಿ ಬರಬೇಕಲ್ರಿ, ಮುಂಜಾನಿಂದ ಸಂಜಿತನಕ ನಾವ ಬಾಯಾಗ ಕೊಬ್ಬು ಹಾಕ್ಕೋತ ಇದ್ರ ಮೈ ಅದನ್ನ ಸುಡ್ತದ, ಹೊಟ್ಟಿ ಮ್ಯಾಲಿಂದು ಗೋದಾಮಿನ ಹಳೇ ಸ್ಟಾಕಿನಂಗ ಅಲ್ಲೇ ಇರ್ತದ.

ಹಂಗಾದ್ರ ಮೊದಲ ನಾಕು ತಿಂಗಳು ಇದ ಶೇಂಗಾ, ಇದ ತುಪ್ಪ ತಿಂದ್ರೂ ಇಳೀತಲ್ಲ ಅಂತ ನೀವು ಕೇಳಬಹುದು, ನಾನೂ ಕೇಳಿದೆ, ನಮ್ಮ ಡಾಕ್ಟ್ರು ಹೇಳಿದ್ರು. ಒಂದು, ಆಗ ಹಸಿವು ಸತ್ತಿತ್ತು, ಡಬ್ಬಿ ಎರಡ ದಿನಾ ಬರ್ತಿತ್ತು, ಆಮ್ಯಾಲೆ ಒಂದ ದಿನಕ್ಕ ಮುಗಿಯಾಕ ಹತ್ತಿತು. ತೂಕ ಇಳಿದಂಗ ಲೆಪ್ಟಿನ್ ಅನ್ನೋ ಹಾರ್ಮೋನ್ ಕಡಿಮಿ ಆಗಿ ಹಸಿವು ಮೆಲ್ಲಕ ಏರ್ತದಂತ, ನಮಗ ಗೊತ್ತ ಆಗಂಗಿಲ್ಲ. ಎರಡು, 94 ಕೆಜಿ ಮೈ ಹೊತ್ತು ಅಡ್ಡಾಡೋದಕ್ಕ ಬೇಕಾಗೋಷ್ಟು ಕ್ಯಾಲೊರಿ 82ಕ್ಕ ಬೇಕಾಗಂಗಿಲ್ಲ, ಲೋಡ್ ಇಳಿಸಿದ ಲಾರಿಗೆ ಡೀಸೆಲ್ ಕಡಿಮಿ ಸಾಕಲ್ಲ ಹಂಗ, ಲೆಕ್ಕಕ್ಕಿಂತ ಇನ್ನೊಂಚೂರು ಜಾಸ್ತಿನೇ ಮೈ ಉಳಿತಾಯ ಮಾಡ್ತದಂತ. ಮೂರನೇದು ನಾನ ಹುಡುಕಿದ್ದು. ನವೆಂಬರ್ ಡಿಸೆಂಬರ್ ಅಂದ್ರ ನಮ್ಮಲ್ಲಿ ಭತ್ತದ ಸುಗ್ಗಿ, ತುಂಗಭದ್ರಾ ಎಡದಂಡಿ ಕಾಲುವಿ ಕಡಿಂದ ಲೋಡ್ ಮ್ಯಾಲೆ ಲೋಡ್, ರಾತ್ರಿ ಹನ್ನೊಂದರತನಕ ಕುರ್ಚಿ ಬಿಟ್ಟು ಏಳಂಗಿಲ್ಲ, ಮುಂಜಾನಿ ವಾಕಿಂಗ್ ಬಂದ್, ನಿದ್ದಿ ಐದು ತಾಸು. ನಿದ್ದಿ ಕಡಿಮಿ ಆದ್ರ ಕೈ ತಾನ ಡ್ರಾ ಕಡೆ ಹೋಗ್ತದ.

ಇನ್ನು ಕಳ್ಳ ಕಾರ್ಬ್ಸ್. ಹೋಟೆಲ್ ಪಲ್ಯ ಗಟ್ಟಿ ಬರಾಕ ಪುಟಾಣಿ ಹಿಟ್ಟು ಹಾಕಿರ್ತಾರ, ಶೇಂಗಾ ಚಟ್ನಿಗೆ ನಮ್ಮನ್ಯಾಗ ಒಂದು ತುಣುಕು ಬೆಲ್ಲ ಬೀಳ್ತದ, ಮಿರ್ಚಿ ಅಂದ್ರ ಮೆಣಸಿನಕಾಯಿ ಅಲ್ವಾ ಅಂತ ವಾರಕ್ಕ ಎರಡು ಸರ್ತಿ ತಿಂತಿದ್ದೆ, ಮ್ಯಾಲಿನ ಕಡ್ಲಿ ಹಿಟ್ಟಿನಾಗ ಅರ್ಧಕ್ಕಿಂತ ಜಾಸ್ತಿ ಕಾರ್ಬ್ಸ ಐತಿ. ಮಿಲ್ಲಿಗೆ ಪಾರ್ಟಿ ಬಂದ್ರ ಅವ್ರ ಜೋಡಿ ಸಕ್ರಿ ಚಾ, ಬ್ಯಾಡ ಅಂದ್ರ ಬ್ಯಾಸರ ಮಾಡ್ಕೋತಾರ.

ಆಮ್ಯಾಲೆ ನಾನು ಮಾಡಿದ್ದು ಇಷ್ಟ. ಡಬ್ಬಿ ಡ್ರಾದಿಂದ ತಗದೆ, ಶೇಂಗಾ ದಿನಕ್ಕ 25 ಗ್ರಾಂ, ಅದೂ ತೂಗಿ ಪೊಟ್ಣ ಕಟ್ಟಿಕೊಂಡು. ತುಪ್ಪ ಎರಡು ಚಾ ಚಮಚ, ಕಾಫ್ಯಾಗ ಬಂದ್. ಪ್ರೋಟೀನ್ ಜಾಸ್ತಿ ಮಾಡಿದೆ, ಇದು ಭಾಳ ಮುಖ್ಯ, ಯಾಕಂದ್ರ ತೂಕ ಇಳಿಯುವಾಗ ಕೊಬ್ಬಿನ ಜೋಡಿ ಸ್ನಾಯೂನೂ ಹೋಗ್ತದ, ಪ್ರೋಟೀನ್ ತಿಂದ್ರ ಅದು ಉಳೀತದ, ಹೊಟ್ಟೀನೂ ತಡಕೋತದ. ಕೆಜಿ ತೂಕಕ್ಕ ಒಂದು ಗ್ರಾಂ ಮ್ಯಾಲೆ ಇರಲಿ ಅಂದ್ರು ಡಾಕ್ಟ್ರು, ಮೊದಲು ನನ್ನದು ದಿನಕ್ಕ 55 ಗ್ರಾಂ ಆಸುಪಾಸು ಇತ್ತು, ಈಗ 90. ಒಂದು ತತ್ತಿಗೆ 6 ಗ್ರಾಂ, ಬೇಯಿಸಿದ ಕೋಳಿ 150 ಗ್ರಾಂಗೆ 40ರ ಮ್ಯಾಲೆ. ಸೋಮವಾರ, ಅಮಾಸಿ ದಿನ ನಮ್ಮನ್ಯಾಗ ಒಲಿ ಮ್ಯಾಲೆ ತತ್ತಿನೂ ಏರಂಗಿಲ್ಲ, ಅವತ್ತು ಪನೀರ್, ಇಲ್ಲಂದ್ರ ಮೀಲ್ ಮೇಕರ್ 50 ಗ್ರಾಂ, ಒಣದು ತೂಗಿದ್ರ ಅರ್ಧದಷ್ಟು ಪ್ರೋಟೀನ ಅದು, ಅಗ್ಗ ಬ್ಯಾರೆ. ಸಂಜಿಗೆ ಮಿಲ್ಲಿನ ಹಿಂದ ಹಮಾಲರ ಮುಂದ 25 ಕೆಜಿ ಅಕ್ಕಿ ಚೀಲ ಅಪ್ಪಿಕೊಂಡು ಕುಂತು ಏಳೋದು, ಹತ್ತರಂಗ ಮೂರು ಸರ್ತಿ. ಮೊದಲ ದಿನ ನಾಕನೇದಕ್ಕ ಕುಂತಾವ ಏಳಲಿಲ್ಲ, ಅವ್ರು 75 ಕೆಜಿ ಭತ್ತದ ಚೀಲ ಹೊತ್ಕೊಂಡು ಓಡ್ತಾರ, ಮೂರೂ ಹೊತ್ತು ಅನ್ನಾನ ಉಂತಾರ, ಒಬ್ಬಂಗೂ ಹೊಟ್ಟಿ ಇಲ್ಲ, ಅದೊಂದು ಬ್ಯಾರೆ ಮಾತು ಬಿಡ್ರಿ.

ಜನವರಿ ಜಾತ್ರಿ ಕತಿ ಹೇಳಲೇಬೇಕು. ಕೊಪ್ಪಳದ ಗವಿಮಠದ ಜಾತ್ರಿಗೆ ಹೋಗಿದ್ವಿ, ಮಹಾದಾಸೋಹದಾಗ ಹಳ್ಳಿ ಹಳ್ಳಿಂದ ಬಂದ ರೊಟ್ಟಿ, ಮಾದಲಿ, ಅನ್ನ, ಸಾಂಬಾರು, ಅಜ್ಜಾರ ಪ್ರಸಾದ ಬ್ಯಾಡ ಅನ್ನಾಕ ಆಗ್ತದೇನ್ರಿ? ಹೊಟ್ಟಿ ತುಂಬ ಉಂಡೆ. ಮರುದಿನ ಕಾಟಾ 83.8. ಡಯಟ್ ಹಾಳಾಗಿ ಹೋತು ಅಂತ ಮುಖ ಸಣ್ಣದು ಮಾಡ್ಕೊಂಡು ಕುಂತೆ, ಐದು ದಿನಕ್ಕ ತಾನ 82ಕ್ಕ ಬಂತು. ಒಂದ ರಾತ್ರ್ಯಾಗ 1.8 ಕೆಜಿ ಕೊಬ್ಬು ಹತ್ತಬೇಕಂದ್ರ ಬೇಕಾದ್ದರ ಮ್ಯಾಲೆ 13-14 ಸಾವಿರ ಕ್ಯಾಲೊರಿ ತಿನ್ನಬೇಕು, ನನ್ನ ಕೈಲಿ ಆಗೋ ಮಾತಲ್ಲ, ಅದು ಉಪ್ಪು, ನೀರು, ಗ್ಲೈಕೋಜನ್, ಹೊಟ್ಯಾಗಿನ ಊಟದ ಭಾರ. ಅದಕ್ಕ ಈಗ ದಿನಾ ಬರೋ ನಂಬರ್ ನೋಡಂಗಿಲ್ಲ, ವಾರದ ಸರಾಸರಿ ನೋಡ್ತೀನಿ, ಟೇಲರ್ ಟೇಪ್ ಹಿಡಿದು ಹದಿನೈದು ದಿನಕ್ಕೊಮ್ಮಿ ಸೊಂಟ ಅಳೀತೀನಿ. ಮೂರ್ನಾಕು ವಾರ ತೂಕನೂ ಸೊಂಟನೂ ಎರಡೂ ನಿಂತ್ರ ಅದು ಖರೇ ನಿಂತಂಗ, ಬರೇ ತೂಕ ನಿಂತು ಪ್ಯಾಂಟ್ ಸಡ್ಲ ಆಗಾಕ ಹತ್ತಿದ್ರ ಗಾಬರಿ ಬೀಳಬ್ಯಾಡ್ರಿ.

ಈಗ ಏಪ್ರಿಲ್ ಕೊನಿ, 77 ಕೆಜಿ. ಸೊಂಟ 104 ಸೆಂಟಿಮೀಟರ್ ಇದ್ದದ್ದು 97, ನಮ್ಮ ದೇಶದ ಗಂಡಸರಿಗೆ 90ರ ಒಳಗ ಇರಬೇಕು ಅಂತಾರ, ಅದಕ್ಕ ಇನ್ನೂ ದಾರಿ ಐತಿ. ರಕ್ತ ಪರೀಕ್ಷಾದಾಗ ಟ್ರೈಗ್ಲಿಸರೈಡ್ ಅನ್ನೋ ರಕ್ತದಾಗಿನ ಕೊಬ್ಬು ಚೊಲೋ ಇಳಿದಿತ್ತು, ಆದ್ರ ಜನವರ್ಯಾಗ ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ ಆ ಎಲ್‌ಡಿಎಲ್ ಏರಿತ್ತು, ಈ ಡಯಟ್ನಾಗ ಕೆಲವ್ರಿಗೆ ಹಂಗಾಗ್ತದ, ತುಪ್ಪ ಕಡಿಮಿ ಮಾಡು ಅಂತ ಡಾಕ್ಟ್ರು ಬೈದದ್ದೂ ಲೆಕ್ಕ ಹಾಕಾಕ ಒಂದು ಕಾರಣ.

ಇಷ್ಟೆಲ್ಲಾ ಓದಿ ಅನ್ನ ಬಿಟ್ರನ ಉದ್ಧಾರ ಅಂತ ಯಾರೂ ತಿಳ್ಕೋಬ್ಯಾಡ್ರಿ. 2018ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಾಗ ಕ್ರಿಸ್ಟೋಫರ್ ಗಾರ್ಡ್ನರ್ ಅನ್ನಾವ್ರು 609 ಮಂದೀನ್ನ ಎರಡು ಗುಂಪು ಮಾಡಿ ವರ್ಷಪೂರ್ತಿ ನೋಡಿದ್ರು, ಕಾರ್ಬ್ಸ್ ಬಿಟ್ಟಾವ್ರು ಸರಾಸರಿ 6 ಕೆಜಿ, ಕೊಬ್ಬು ಬಿಟ್ಟಾವ್ರು 5.3 ಕೆಜಿ ಇಳಿದ್ರು, ಹೇಳಿಕೊಳ್ಳುವಂಥ ಫರಕು ಏನಿಲ್ಲ. ನನಗ ಇದು ಒಗ್ತು, ಯಾಕಂದ್ರ ನಾನು ಅನ್ನದ ಮುಂದ ಕುಂತ್ರ ನಿಲ್ಲಾವಲ್ಲ. ಈ ಹುಚ್ಚು ಹೊಸದೂ ಅಲ್ಲ, 1863ರಾಗ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅಂತ ಹೆಣದ ಪೆಟ್ಟಿಗಿ, ಅಂತ್ಯಸಂಸ್ಕಾರದ ಕೆಲಸ ಮಾಡೋ ಮನುಷ್ಯ ಬ್ರೆಡ್ಡು, ಸಕ್ರಿ, ಆಲೂಗಡ್ಡಿ, ಬೀರು ಬಿಟ್ಟು ಸಣ್ಣಾಗಿ ಅದನ್ನ ಸಾರ್ವಜನಿಕರಿಗೆ ಪತ್ರದಂಗ ಬರದು ಅಚ್ಚು ಹಾಕಿಸಿ ಹಂಚಿದ್ನಂತ. ಪತ್ರ ಬರಿಯೋ ಚಟ ಅವಂಗೂ ಇತ್ತು.

ಒಂದು ವಿಷಯ ಮಾತ್ರ ನೀವು ದಪ್ಪ ಅಕ್ಷರದಾಗ ಹಾಕ್ರಿ. ನನ್ನ ನೋಡಿ ನಮ್ಮ ಮಿಲ್ಲಿನ ಡ್ರೈವರೊಬ್ಬ ಅನ್ನ ಬಿಟ್ಟ, ಅವ ಶುಗರಿಗೆ ಗ್ಲಿಮೆಪಿರೈಡ್ ಮಾತ್ರಿ ತಗೋತಿದ್ದ, ಅದನ್ನ ಹಂಗ ಮುಂದುವರಿಸಿದ. ನಾಕನೇ ದಿನ ಲಾರಿ ಹತ್ತೋಕಿಂತ ಮುಂಚೆ ಬೆವತು, ಕೈ ನಡುಗಿ ಕುಸಿದು ಕುಂತ, ಶುಗರ್ ಇಳಿದಿತ್ತು. ಸಕ್ರಿ ನೀರು ಕುಡಿಸಿ ದವಾಖಾನಿಗೆ ಒಯ್ದ್ವಿ. ಲಾರಿ ಹೊಡಿಯುವಾಗ ಹಂಗಾಗಿದ್ರ? ಅಂಥ ಮಾತ್ರಿ, ಇನ್ಸುಲಿನ್ ತಗೊಳ್ಳಾವ್ರು ಕಾರ್ಬ್ಸ್ ಕಡಿಮಿ ಮಾಡೋಕಿಂತ ಮೊದಲ ಡಾಕ್ಟ್ರಿಗೆ ಹೇಳಿ ಡೋಸ್ ಬದಲಿಸಿಕೊಳ್ಳಬೇಕು. ಮೂತ್ರದಾಗ ಸಕ್ರಿ ಹೊರಗ ಹಾಕೋ ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರಿ ಇದ್ರ ಇನ್ನೂ ಹುಷಾರು, ಶುಗರ್ ಅಷ್ಟೇನೂ ಏರದೇನ ರಕ್ತ ಆಮ್ಲ ಆಗೋ ಕೀಟೋಆಸಿಡೋಸಿಸ್ ಅಪಾಯ ಐತಿ. ಬಿಪಿ ಮಾತ್ರಿ ಇದ್ದಾವ್ರೂ ಕೇಳ್ರಿ, ಕಾರ್ಬ್ಸ್ ಕಡಿಮಿ ಆದಾಗ ಮೂತ್ರದಾಗ ಉಪ್ಪು ಜಾಸ್ತಿ ಹೋಗ್ತದ, ನಮ್ಮ ಕಡೆ ಬಿಸಲಾಗ ಬೆವರಿನ ಕೂಡ ಮತ್ತಷ್ಟು ಹೋಗ್ತದ, ತಲಿ ತಿರುಗ್ತದ. ನನಗ ಬಿಪಿ ಇಲ್ಲ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗಿ ಕುಡೀತೀನಿ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟ. ಆರೋಗ್ಯ ಪುಟದಾಗ ಬೆಣ್ಣೆಹಣ್ಣು, ಆಲಿವ್ ಎಣ್ಣಿ ಬಿಟ್ಟು ಒಂದು ಭಾನುವಾರ ನಮ್ಮ ಊಟದ ಲೆಕ್ಕ ಹಾಕ್ರಿ. ಒಂದು ರೊಟ್ಟಿ, ಒಂದು ಹಿಡಿ ಶೇಂಗಾ, ಒಂದು ಚಮಚ ಕುಸುಬಿ ಎಣ್ಣಿ, ಗುರೆಳ್ಳು ಚಟ್ನಿ, ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ, ಯಾವುದ್ರಾಗ ಎಷ್ಟು ಕಾರ್ಬ್ಸ್, ಎಷ್ಟು ಪ್ರೋಟೀನ್, ಎಷ್ಟು ಕ್ಯಾಲೊರಿ, ಕತ್ತರಿಸಿ ಅಡಗಿಮನಿ ಗೋಡಿಗೆ ಅಂಟಿಸುವಂಗ. ನಾನು ಮಿಲ್ಲಿನ ಗ್ವಾಡಿಗೂ ಒಂದು ಅಂಟಿಸ್ತೀನಿ.

ಪತ್ರ ಅಚ್ಚು ಹಾಕೋದಾದ್ರ ಹೆಸರು ಬ್ಯಾಡ್ರಿ, ಸ್ಯಾಂಪಲ್ ಕಾಟಾದಾಗ ದಿನಾ ಶೇಂಗಾ ತೂಗೋದು ನಮ್ಮ ಸಾವ್ಕಾರ್ರಿಗೆ ಇನ್ನೂ ಗೊತ್ತಿಲ್ಲ.

ಇಂತಿ,
ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ