ಯುರೋಪಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್: ಹರಡಿದ್ದೆಷ್ಟು, ಬೇರೂರಿದ್ದೆಷ್ಟು?

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಯುರೋಪಿನ ದೇಶಗಳಿಗೆ ಹರಡುತ್ತಿರುವ ಬಗ್ಗೆ ತಮ್ಮ ಕ್ರೀಡಾಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಕ್ರಿಕೆಟ್ಟಿನ ಭರಾಟೆಯ ನಡುವೆ ಇಂಥದೊಂದು ಆಟಕ್ಕೆ ಜಾಗ ಕೊಟ್ಟಿದ್ದಕ್ಕೆ ಧನ್ಯವಾದಗಳು. ಆದರೆ ಲೇಖನ ತನ್ನ ಮೊದಲ ಪ್ಯಾರಾದಲ್ಲಿ ಈ ಆಟ ಯುರೋಪನ್ನು ಗೆಲ್ಲುತ್ತಿದೆ ಎಂದು ಹೊಗಳಿ, ಕೊನೆಗೆ ಬರುವಷ್ಟರಲ್ಲಿ ಇದು ಅಲ್ಲಿ ದುಡಿಯಲು ಹೋದ ಆಸ್ಟ್ರೇಲಿಯನ್ನರ ವಾರಾಂತ್ಯದ ಕಾಲಕ್ಷೇಪವಷ್ಟೇ ಎಂದು ಕೈತೊಳೆದುಕೊಂಡಿದೆ. ಮೊದಲನೆಯದು ಅತಿಶಯೋಕ್ತಿ, ಎರಡನೆಯದು ಮೂವತ್ತು ವರ್ಷಗಳಿಗೂ ಮೀರಿ ಅಲ್ಲಿನವರು ಮಾಡಿಕೊಂಡು ಬಂದ ಕೆಲಸಕ್ಕೆ ಅನ್ಯಾಯ. ಮಕ್ಕಳಿಗೆ ಆಟ ಕಲಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದವನು ನಾನು. ಒಂದು ಆಟ ಪರಊರಿನಲ್ಲಿ ಹೇಗೆ ನೆಲೆ ನಿಲ್ಲುತ್ತದೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೇಖನದಲ್ಲಿ ಆಟದ ಸ್ವರೂಪವನ್ನೇ ವಿವರಿಸಿರಲಿಲ್ಲವಾದ್ದರಿಂದ ಅದನ್ನು ನಾಲ್ಕು ಮಾತಿನಲ್ಲಿ ಹೇಳಬೇಕಾಗಿದೆ. ಚೆಂಡು ಅಂಡಾಕಾರದ್ದು, ಮೈದಾನವೂ ಅಂಡಾಕಾರದ್ದು. ಒಂದು ತಂಡದಿಂದ ಹದಿನೆಂಟು ಮಂದಿ ಆಡುತ್ತಾರೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, ಒಂದೇ ಅಂಕ. ಚೆಂಡನ್ನು ಎಸೆಯುವಂತಿಲ್ಲ, ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿಯೇ ಜೊತೆಗಾರನಿಗೆ ದಾಟಿಸಬೇಕು. ಕನಿಷ್ಠ 15 ಮೀಟರ್ ದೂರದಿಂದ ಒದ್ದು ಬಂದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಎದುರಾಳಿಯ ಹೆಗಲ ಮೇಲೆ ಮೊಣಕಾಲೂರಿ ಮೇಲಕ್ಕೆ ಹಾರಿ ಹಿಡಿಯುವ ಈ ‘ಮಾರ್ಕ್’ ನೋಡಲೆಂದೇ ಜನ ಸೇರುತ್ತಾರೆ. ಇನ್ನು, ಚೆಂಡು ಹಿಡಿದು ಓಡುವವನು 15 ಮೀಟರಿಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಮುಟ್ಟಿಸಬೇಕು. ಪರಿಚಯದವರ ಮಗ ಮೆಲ್ಬರ್ನ್‌ನಿಂದ ತಂದ ಇಂಥ ಚೆಂಡೊಂದನ್ನು ನಮ್ಮ ಊರಿನ ಹೈಸ್ಕೂಲು ಮೈದಾನದಲ್ಲಿ ಹುಡುಗರ ಕೈಗೆ ಕೊಟ್ಟು ನೋಡಿದ್ದೇನೆ. ಒದೆಯುವುದನ್ನು ಅವರು ಅರ್ಧ ಗಂಟೆಯಲ್ಲಿ ಕಲಿತರು. ಪುಟಿಸುವುದು ಮಾತ್ರ ಹತ್ತಲಿಲ್ಲ. ಗಟ್ಟಿ ಗರಸು ಮಣ್ಣಿನ ನೆಲದಲ್ಲಿ ಕೋನ ಒಂದಿಷ್ಟು ತಪ್ಪಿದರೂ ಆ ಚೆಂಡು ಮೊಣಕಾಲಿಗೋ ಮೂಗಿಗೋ ಬಡಿಯುತ್ತದೆ, ಇಲ್ಲವೇ ತನಗೆ ಬೇಕಾದ ದಿಕ್ಕಿಗೆ ಓಡಿಹೋಗುತ್ತದೆ.

ಈ ಆಟ ಹುಟ್ಟಿದ್ದಕ್ಕೂ ಸಂಪಾದಕರಿಗೆ ಬರೆದ ಪತ್ರವೊಂದು ಕಾರಣ ಎಂಬುದು ತಮಗೆ ಸಂತೋಷ ಕೊಡಬಹುದು. ವಿಕ್ಟೋರಿಯಾದ ಹೆಸರಾಂತ ಕ್ರಿಕೆಟಿಗ ಟಾಮ್ ವಿಲ್ಸ್ 1858ರ ಜುಲೈಯಲ್ಲಿ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಕ್ಲಬ್ಬೊಂದನ್ನು ಕಟ್ಟಬೇಕೆಂದು ಸೂಚಿಸಿದ. ಮರುವರ್ಷ ಮೇ ತಿಂಗಳಲ್ಲಿ ಮೆಲ್ಬರ್ನ್ ಕ್ಲಬ್ಬಿನವರು ಕೂತು ನಿಯಮಗಳನ್ನು ಬರೆದರು. ಕ್ರಿಕೆಟ್ ಮೈದಾನಗಳು ಖಾಲಿ ಬಿದ್ದಿದ್ದರಿಂದ ಆಟ ಅಲ್ಲೇ ಬೆಳೆಯಿತು, ಅದರ ಅಳತೆಯೂ ಹಾಗೆಯೇ ದೊಡ್ಡದಾಯಿತು: ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್. ಯುರೋಪಿನಲ್ಲಿ ಮುಂದೆ ಎದುರಾದ ತೊಡಕಿನ ಬೇರು ಇಲ್ಲಿದೆ, ಏಕೆಂದರೆ ಇಂಗ್ಲೆಂಡನ್ನು ಬಿಟ್ಟರೆ ಆ ಖಂಡದಲ್ಲಿ ಕ್ರಿಕೆಟ್ ಮೈದಾನಗಳೇ ಅಪರೂಪ. ಅಲ್ಲಿ ಊರೂರಿಗೆ ಇರುವುದು 105 ಮೀಟರ್ ಉದ್ದ, 68 ಮೀಟರ್ ಅಗಲದ ಆಸುಪಾಸಿನ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟದ) ಅಂಕಣ.

ಯುರೋಪಿನ ನೆಲದಲ್ಲಿ ಈ ಆಟ ಕಾಣಿಸಿಕೊಂಡದ್ದು ಹೊಸದಾಗಿ ಏನಲ್ಲ. ಮೊದಲ ಮಹಾಯುದ್ಧದ ನಡುವೆ, 1916ರ ಅಕ್ಟೋಬರ್ 28ರಂದು, ಈಗ ಟೆನಿಸ್‌ಗೆ ಹೆಸರಾಗಿರುವ ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನಲ್ಲಿ ಆಸ್ಟ್ರೇಲಿಯನ್ ಸೈನಿಕರ ಎರಡು ತಂಡಗಳು ಸಹಾಯಾರ್ಥ ಪಂದ್ಯ ಆಡಿದ್ದವು. ಯುದ್ಧ ಮುಗಿದು ಸೈನಿಕರು ಹಡಗು ಹತ್ತಿದಾಗ ಆಟವೂ ಅವರ ಜೊತೆ ಹೊರಟುಹೋಯಿತು. 1987ರಲ್ಲಿ ಕಾರ್ಲ್‌ಟನ್ ಮತ್ತು ನಾರ್ತ್ ಮೆಲ್ಬರ್ನ್ ತಂಡಗಳು ಲಂಡನ್ನಿನ ಓವಲ್ ಮೈದಾನದಲ್ಲಿ ಪ್ರದರ್ಶನ ಪಂದ್ಯ ಆಡಿದವು. ಆ ಪಂದ್ಯವನ್ನು ಇವತ್ತು ನೆನೆಯುವವರು ಆಟಕ್ಕಾಗಿ ಅಲ್ಲ, ಆಟಗಾರರ ನಡುವೆ ನಡೆದ ಹೊಡೆದಾಟಕ್ಕಾಗಿ ನೆನೆಯುತ್ತಾರೆ. ದೊಡ್ಡ ತಂಡಗಳನ್ನು ಕರೆಸಿ ಪ್ರದರ್ಶನ ನಡೆಸಿದರೆ ಆಟ ಹರಡುತ್ತದೆ ಎಂದು ನಂಬುವ ಅಧಿಕಾರಿಗಳು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದರು.

ನಿಜವಾಗಿ ಕೆಲಸ ನಡೆದದ್ದು ಅದಾದ ಮೇಲೆ, ಸದ್ದಿಲ್ಲದೆ. ಬ್ರಿಟನ್ನಿನಲ್ಲಿ 1990ರ ಹೊತ್ತಿಗೆ ಲೀಗ್ ಶುರುವಾಯಿತು, 1991ರಲ್ಲಿ ಡೆನ್ಮಾರ್ಕಿನಲ್ಲಿ. ಡೆನ್ಮಾರ್ಕ್ ನನಗೆ ಬ್ರಿಟನ್ನಿಗಿಂತ ಮುಖ್ಯವಾಗಿ ಕಾಣುತ್ತದೆ. ಲಂಡನ್ನಿನಲ್ಲಿ ಆಸ್ಟ್ರೇಲಿಯನ್ನರಿಗೆ ಬರವಿಲ್ಲ. ಒಬ್ಬ ಊರಿಗೆ ಮರಳಿದರೆ ಇನ್ನೊಬ್ಬ ಬಂದಿಳಿಯುತ್ತಾನೆ, ಅಂಥ ಕಡೆ ತಂಡ ಕಟ್ಟುವುದು ದೊಡ್ಡ ಮಾತಲ್ಲ. ಕೋಪನ್‌ಹೇಗನ್ ಹಾಗಲ್ಲ. ಅಲ್ಲಿ ನಾಲ್ಕಾರು ಮಂದಿ ವಲಸಿಗರನ್ನು ಇಟ್ಟುಕೊಂಡು ಲೀಗ್ ನಡೆಸಲಾಗದು, ಡೇನರನ್ನೇ ಕರೆತಂದು ಕಲಿಸಬೇಕಾಯಿತು. ಕಲಿತವರು ಕ್ಲಬ್ ನಡೆಸತೊಡಗಿದರು. ಸ್ವೀಡನ್ನಿನ ದಕ್ಷಿಣ ತುದಿಯ ಕ್ಲಬ್ಬುಗಳು ಜಲಸಂಧಿ ದಾಟಿ ಬಂದು ಡೆನ್ಮಾರ್ಕಿನ ಲೀಗಿನಲ್ಲೇ ಆಡಿದ್ದೂ ಉಂಟು. ಜರ್ಮನಿ, ಫ್ರಾನ್ಸ್, ಫಿನ್ಲೆಂಡ್, ಕ್ರೊಯೇಷಿಯಾಗಳಲ್ಲಿ ಆಮೇಲೆ ಆಟ ಕಾಲೂರಿತು. ಇಂದು ಈ ದೇಶಗಳ ಸಂಘಗಳಿಗೆ ‘ಎಎಫ್‌ಎಲ್ ಯುರೋಪ್’ ಎಂಬ ಮಾತೃಸಂಸ್ಥೆ ಇದೆ; ಎಎಫ್‌ಎಲ್ ಎಂದರೆ ಆಸ್ಟ್ರೇಲಿಯಾದ ಮುಖ್ಯ ಲೀಗಾದ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್.

ಋತುಮಾನವೂ ಅವರಿಗೆ ಅನುಕೂಲವಾಯಿತು. ಆಸ್ಟ್ರೇಲಿಯಾದಲ್ಲಿ ಇದು ಚಳಿಗಾಲದ ಆಟ. ಆದರೆ ಅಲ್ಲಿಯ ಚಳಿಗಾಲವೇ ಯುರೋಪಿನ ಬೇಸಿಗೆ. ಬಹಳ ಕಡೆ ರಗ್ಬಿ ಮತ್ತು ಸಾಕರ್ ಕ್ಲಬ್ಬುಗಳು ವಿಶ್ರಾಂತಿಯಲ್ಲಿರುವ ಆ ತಿಂಗಳುಗಳಲ್ಲಿ ಅವುಗಳ ಅಂಕಣ ಬಾಡಿಗೆಗೆ ಸಿಗುತ್ತದೆ, ಸಂಜೆಯ ಬೆಳಕು ಬಹಳ ಹೊತ್ತು ಇರುತ್ತದೆ, ಕೆಲವು ಸಲ ರಗ್ಬಿ ಆಟಗಾರರೇ ಮೈ ಹದವಾಗಿಟ್ಟುಕೊಳ್ಳಲು ಬಂದು ಸೇರುತ್ತಾರೆ. ಟಾಮ್ ವಿಲ್ಸ್ ಬಯಸಿದ್ದೂ ಇದನ್ನೇ ಅಲ್ಲವೇ? ಮೈದಾನದ ಅಳತೆಯ ತೊಡಕಿಗೆ ಅವರು ಕಂಡುಕೊಂಡ ಉಪಾಯ ಇನ್ನೂ ಸರಳ: ಹದಿನೆಂಟರ ಬದಲು ಒಂಬತ್ತೇ ಮಂದಿ ಆಡುವುದು, ಸಾಕರ್ ಅಂಕಣದಲ್ಲೇ ನಾಲ್ಕು ಕಂಬ ನೆಡುವುದು, ಪಂದ್ಯದ ಅವಧಿ ಇಳಿಸುವುದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಈ ಬುದ್ಧಿಯಿಂದಲೇ 2005ರಲ್ಲಿ ಲಂಡನ್ನಿನಲ್ಲಿ ಒಂಬತ್ತು ಮಂದಿಯ ತಂಡಗಳ ‘ಇಯು ಕಪ್’ ಶುರುವಾಗಿ, ಮುಂದೆ ಹ್ಯಾಂಬರ್ಗ್, ಪ್ರಾಗ್, ಮಿಲಾನ್, ಎಡಿನ್‌ಬರೋ, ಬೋರ್ಡೊ ಹೀಗೆ ಊರಿಂದೂರಿಗೆ ಸಾಗಿತು. ಹದಿನೆಂಟು ಮಂದಿಯನ್ನು ಹೊಂದಿಸಲಾರದ ಸಣ್ಣ ದೇಶವೂ ಡಜನ್ ಆಟಗಾರರನ್ನು ಕರೆದುಕೊಂಡು ಬಂದು ತನ್ನ ಬಾವುಟದ ಕೆಳಗೆ ಆಡಬಹುದಾಯಿತು. ಇದು ಅಸಲಿ ಆಟವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಎತ್ತರಕ್ಕೆ ಹಾರಿ ಹಿಡಿಯುವ ಸೊಗಸು ಇಕ್ಕಟ್ಟಿನ ಅಂಕಣದಲ್ಲಿ ಕಡಿಮೆಯಾಗುತ್ತದೆ ಎಂಬ ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಅಸಲಿ ಆಟಕ್ಕೇ ಕಾದು ಕೂತಿದ್ದರೆ ಪ್ರಾಗ್‌ನಲ್ಲಿ ಆ ಚೆಂಡನ್ನು ಯಾರೂ ಕಣ್ಣಿನಿಂದಲೂ ನೋಡುತ್ತಿರಲಿಲ್ಲ.

ವಲಸಿಗರ ಕಾಲಕ್ಷೇಪ ಎಂಬ ಆಕ್ಷೇಪಕ್ಕೆ ಸರಿಯಾದ ಉತ್ತರ ಸಿಗುವುದು 2002ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕಪ್‌ನಲ್ಲಿ. 2017ರವರೆಗೆ ನಡೆದ ಆ ಕಪ್‌ನಲ್ಲಿ ಆಸ್ಟ್ರೇಲಿಯಾ ಆಡುತ್ತಲೇ ಇರಲಿಲ್ಲ. ಉಳಿದ ದೇಶಗಳೂ ತಮ್ಮಲ್ಲಿ ನೆಲೆಸಿರುವ ಆಸ್ಟ್ರೇಲಿಯನ್ನರನ್ನು ಸೇರಿಸಿಕೊಳ್ಳುವಂತಿರಲಿಲ್ಲ, ಆಯಾ ದೇಶದಲ್ಲಿ ಬೆಳೆದವರೇ ಆಡಬೇಕಿತ್ತು. ಮೊದಲ ಕಪ್ಪಿನಲ್ಲೇ ಐರ್ಲೆಂಡ್, ಬ್ರಿಟನ್, ಡೆನ್ಮಾರ್ಕ್ ಇದ್ದವು; ಐರ್ಲೆಂಡ್ ಅಂತಿಮ ಪಂದ್ಯದಲ್ಲಿ ಪಪುವಾ ನ್ಯೂಗಿನಿಯನ್ನು ಸೋಲಿಸಿತು. 2008ರಲ್ಲಿ ಸ್ವೀಡನ್, ಫಿನ್ಲೆಂಡ್ ಬಂದವು. ಅದೇ ವರ್ಷ ನಮ್ಮ ಭಾರತದ ತಂಡವೂ ಮೊದಲ ಬಾರಿಗೆ ಅಲ್ಲಿಗೆ ಹೋಗಿತ್ತು ಎಂಬುದನ್ನು ತಮ್ಮ ಲೇಖನ ಬಿಟ್ಟುಬಿಟ್ಟಿದ್ದು ಆಶ್ಚರ್ಯ.

ಐರ್ಲೆಂಡಿನ ಕತೆಯನ್ನು ಮಾತ್ರ ಬೇರೆಯಾಗಿ ನೋಡಬೇಕು. ಅಲ್ಲಿನ ಗೇಲಿಕ್ ಫುಟ್‌ಬಾಲಿನಲ್ಲಿ ಚೆಂಡು ಗುಂಡಗಿದ್ದರೂ ಹಾರಿ ಹಿಡಿಯುವುದು, ಕೈಯಿಂದ ದಾಟಿಸುವುದು, ಕೈಯಲ್ಲಿ ಹಿಡಿದು ಓಡುವುದು ಎಲ್ಲ ಇದೆ. ಇದನ್ನು ಗಮನಿಸಿದ ಮೆಲ್ಬರ್ನ್ ಕ್ಲಬ್ಬಿನ ತರಬೇತುದಾರ ರಾನ್ ಬರಾಸಿ 1980ರ ದಶಕದಲ್ಲಿ ಐರಿಷ್ ಹುಡುಗರನ್ನು ಕರೆಸಿಕೊಂಡು ತರಬೇತಿ ಕೊಡಿಸಿದರು. ಹಾಗೆ ಡಬ್ಲಿನ್‌ನಿಂದ ಬಂದವರು ಜಿಮ್ ಸ್ಟೈನ್ಸ್. 1987ರ ಪ್ರಿಲಿಮಿನರಿ ಫೈನಲ್‌ನ (ಅಂತಿಮ ಪಂದ್ಯಕ್ಕೆ ಮುಂಚಿನ ಘಟ್ಟ) ಕೊನೆಯ ಕ್ಷಣಗಳಲ್ಲಿ ಎದುರಾಳಿ ಹಾಥಾರ್ನ್ ತಂಡಕ್ಕೆ ಫ್ರೀ ಕಿಕ್ ಸಿಕ್ಕಿತ್ತು. ಸ್ಟೈನ್ಸ್ ಓಡುವ ಭರದಲ್ಲಿ ದಾಟಬಾರದ ಜಾಗವನ್ನು ಅಡ್ಡ ದಾಟಿದರು, ಅಂಪೈರ್ ದಂಡವಾಗಿ ಎದುರಾಳಿಯನ್ನು 15 ಮೀಟರ್ ಮುಂದಕ್ಕೆ ತಂದರು, ಸೈರನ್ ಮೊಳಗಿದ ಮೇಲೆ ಹಾಥಾರ್ನ್‌ನ ಗ್ಯಾರಿ ಬಕನಾರಾ ಅಲ್ಲಿಂದ ಗೋಲು ಹೊಡೆದು ಪಂದ್ಯವನ್ನೇ ಗೆದ್ದುಕೊಟ್ಟರು. ಚಿಕ್ಕಂದಿನಿಂದ ಆ ಆಟವನ್ನೇ ಉಸಿರಾಡಿದ ಹುಡುಗ ಹಾಗೆ ಅಡ್ಡ ಓಡುವುದು ಅಪರೂಪ ಎಂದು ನನ್ನ ಅನುಭವ ಹೇಳುತ್ತದೆ. ನಿಯಮ ಬಾಯಿಪಾಠವಾಗುವುದು ಬೇರೆ, ಕಾಲಿಗೆ ಗೊತ್ತಾಗುವುದು ಬೇರೆ. ಆದರೆ ಅದೇ ಸ್ಟೈನ್ಸ್ ನಾಲ್ಕೇ ವರ್ಷದಲ್ಲಿ, 1991ರಲ್ಲಿ, ಆಸ್ಟ್ರೇಲಿಯಾದ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಪಡೆದರು. ಒಂದೂ ತಪ್ಪದೆ ಸತತ 244 ಪಂದ್ಯ ಆಡಿದ ಅವರ ದಾಖಲೆ 2025ರವರೆಗೂ ಹಾಗೇ ಇತ್ತು. ಅವರ ನಂತರ ಕೆರ‍್ರಿಯ ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ತಂಡದೊಂದಿಗೆ ಪ್ರಶಸ್ತಿ ಗೆದ್ದು, ಊರಿಗೆ ಮರಳಿ 2009ರಲ್ಲಿ ಗೇಲಿಕ್ ಫುಟ್‌ಬಾಲಿನ ಆಲ್-ಐರ್ಲೆಂಡ್ ಕಿರೀಟವನ್ನೂ ಗೆದ್ದರು. ಮಹಿಳೆಯರ ಲೀಗ್ 2017ರಲ್ಲಿ ಶುರುವಾದ ಮರುವರ್ಷವೇ ಐರ್ಲೆಂಡಿನ ಮೇಯೋದ ಕೋರಾ ಸ್ಟಾಂಟನ್ ಅಲ್ಲಿ ಆಡಿದರು. ಈಗ ಆ ಲೀಗಿನಲ್ಲಿ ಐರಿಷ್ ಆಟಗಾರ್ತಿಯರು ಹೊಸಬರೇನಲ್ಲ. ಇದು ಹೆಮ್ಮೆಯ ವಿಷಯ ನಿಜ, ಆದರೆ ಇದನ್ನು ಆಟದ ಹರಡುವಿಕೆ ಎಂದು ಲೆಕ್ಕಹಾಕುವುದು ಸರಿಯಲ್ಲ. ಇಲ್ಲಿ ಆಟ ಐರ್ಲೆಂಡಿಗೆ ಹೋದದ್ದಕ್ಕಿಂತ ಐರ್ಲೆಂಡಿನ ಆಟಗಾರರು ಆಟವಿದ್ದ ಕಡೆಗೆ ಹೋದದ್ದು ಹೆಚ್ಚು. ಚೆನ್ನಾಗಿ ಆಡುವ ಮಕ್ಕಳನ್ನು ಸಂಬಳ ಕೊಟ್ಟು ಕರೆದೊಯ್ಯುತ್ತಾರೆ ಎಂಬ ದೂರು ಗೇಲಿಕ್ ಸಂಘಗಳಲ್ಲಿ ಹಳೆಯದು. ಹರಡಿತೇ ಇಲ್ಲವೇ ಎಂದು ನೋಡಬೇಕಾದರೆ ಡೆನ್ಮಾರ್ಕ್, ಸ್ವೀಡನ್, ಕ್ರೊಯೇಷಿಯಾಗಳನ್ನು ನೋಡಬೇಕು. ಹತ್ತಿರದ ಹೋಲಿಕೆಯ ಆಟವಾಗಲಿ, ನೆಂಟಸ್ತಿಕೆಯಾಗಲಿ ಅಲ್ಲಿ ಇರಲಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸೊಗಸಾಗಿದೆ ಎಂದೇನಲ್ಲ. ಆಟಗಾರರು ಕೈಯಿಂದ ದುಡ್ಡು ಹಾಕಿ ಪ್ರಯಾಣ ಮಾಡುತ್ತಾರೆ. ದುಡಿದು ಸಂಘ ನಡೆಸುವ ಒಬ್ಬಿಬ್ಬರು ಊರು ಬಿಟ್ಟರೆ ಕ್ಲಬ್ಬೇ ಕುಂಟುತ್ತದೆ. ಶಾಲೆಗಳ ಒಳಗೆ ಆಟ ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ. ಇಪ್ಪತ್ತು ದಾಟಿದ ಮೇಲೆ ಚೆಂಡು ಮುಟ್ಟಿದವರನ್ನು ನೆಚ್ಚಿ ಯಾವ ಆಟವೂ ಎರಡನೆಯ ತಲೆಮಾರು ಕಾಣಲಾರದು.

ಕೋಲಾರ ಜಿಲ್ಲೆಯವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಕೆ.ಜಿ.ಎಫ್‌ಗೆ ಫುಟ್‌ಬಾಲ್, ಹಾಕಿ, ಕ್ರಿಕೆಟ್ ಬಂದದ್ದು ಗಣಿ ಕಂಪನಿಯ ದೊರೆಗಳ ಜೊತೆ. ಅವರು ಕ್ಲಬ್ಬಿನ ಬೇಲಿಯೊಳಗೇ ಆಡಿಕೊಂಡಿದ್ದರೆ ಆಟವೂ ಅವರ ಜೊತೆ ಹೊರಟುಹೋಗುತ್ತಿತ್ತು. ಆದರೆ ಕಾರ್ಮಿಕರ ಮಕ್ಕಳು ಅದನ್ನು ಲೈನುಗಳ ಸಂದಿಗೆ, ಸೈನೈಡ್ ಗುಡ್ಡದ ಬುಡಕ್ಕೆ ತಂದು, ಸಿಕ್ಕಷ್ಟು ಜಾಗದಲ್ಲಿ ಸಿಕ್ಕಷ್ಟು ಮಂದಿಯೊಂದಿಗೆ ಆಡಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಚೆಂಡು ನಿಲ್ಲಲಿಲ್ಲ. ನಮ್ಮ ಕಬಡ್ಡಿ, ಖೋ-ಖೋಗಳ ವಿಶ್ವಕಪ್ ನಡೆಸುವ ಉತ್ಸಾಹಿಗಳು ಅದ್ದೂರಿ ಕ್ರೀಡಾಂಗಣದ ಲೆಕ್ಕ ಹಾಕುವ ಮೊದಲು, ಪರದೇಶದ ಶನಿವಾರದ ಸಂಜೆಯೊಂದರಲ್ಲಿ ಅಲ್ಲಿನ ಹುಡುಗರೇ ಸೇರಿ ಅಭ್ಯಾಸ ಮಾಡುವ ಕ್ಲಬ್ಬುಗಳು ಎಷ್ಟಿವೆ ಎಂದು ಎಣಿಸುವುದು ಒಳ್ಳೆಯದು.

ತಮ್ಮಲ್ಲಿ ಒಂದು ಚಿಕ್ಕ ಕೋರಿಕೆ. ಆಸ್ಟ್ರೇಲಿಯಾದ ಎಎಫ್‌ಎಲ್ ಲೀಗಿನ ಅಂತಿಮ ಪಂದ್ಯವಾದ ಗ್ರ್ಯಾಂಡ್ ಫೈನಲ್ ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ ಮಧ್ಯಾಹ್ನ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನಡೆಯುತ್ತದೆ. ಕೋಪನ್‌ಹೇಗನ್ನಿನವರು ಅದಕ್ಕಾಗಿ ನಸುಕಿನಲ್ಲೇ ಏಳಬೇಕು, ನಮಗೆ ಮಾತ್ರ ತಿಂಡಿ ಮುಗಿಸಿ ಕೂರುವ ಹೊತ್ತು. ಭಾನುವಾರದ ಪುಟದಲ್ಲಿ ಅದರ ಫಲಿತಾಂಶಕ್ಕೆ ಎರಡು ಸಾಲು ಕೊಡಿ. ಕೊಡುವಾಗ ಒಟ್ಟು ಅಂಕವನ್ನಷ್ಟೇ ಹಾಕದೆ, ಗೋಲು, ಬಿಹೈಂಡ್‌ಗಳನ್ನು ಬಿಡಿಸಿ 15.10 (100) ಎಂಬಂತೆ ಮುದ್ರಿಸಿದರೆ ಯಾವ ತಂಡ ಗುರಿ ತಪ್ಪಿ ಸೋತಿತು ಎಂಬುದು ನನ್ನಂಥವರಿಗೆ ತಿಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಬಂಗಾರಪೇಟೆ, ಕೋಲಾರ ಜಿಲ್ಲೆ