ಫ್ರಿಜ್ಜಿನಲ್ಲಿಟ್ಟ ರೆಡ್ ವೈನ್: ಬಾಟಲಿ ಅಲ್ಲೇ ಇರಲಿ, ಒಂದು ಲೋಟ ಬೆಚ್ಚಗಾಗಲಿ

ಮಾನ್ಯ ಸಂಪಾದಕರೇ,

ಆಹಾರ ಪುಟಗಳಲ್ಲಿ ರೆಡ್ ವೈನ್ ಬಗ್ಗೆ ಬರೆಯುವವರು ಎರಡು ಸಲಹೆಗಳನ್ನು ತಪ್ಪದೆ ಕೊಡುತ್ತಾರೆ. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ ಎಂಬುದು ಒಂದು. ರೆಡ್ ವೈನನ್ನು ಕೋಣೆಯ ತಾಪಮಾನದಲ್ಲೇ ಕುಡಿಯಬೇಕು ಎಂಬುದು ಇನ್ನೊಂದು. ಎರಡೂ ಅಕ್ಕಪಕ್ಕದಲ್ಲೇ ಅಚ್ಚಾಗುತ್ತವೆ. ಆದರೆ ಫ್ರಿಜ್ಜಿನಿಂದ ತೆಗೆದದ್ದನ್ನು ಕುಡಿಯುವ ಹದಕ್ಕೆ ತರುವುದು ಹೇಗೆಂದು ಯಾರೂ ಬರೆಯುವುದಿಲ್ಲ. ಹಾಗಾಗಿ ಓದುಗರು ತೋಚಿದಂತೆ ಮಾಡುತ್ತಾರೆ. ಬಾಟಲಿಯನ್ನು ಕುದಿಯುವ ನೀರಿಗೆ ಇಳಿಸುವವರಿದ್ದಾರೆ, ಮೈಕ್ರೋವೇವಿನಲ್ಲಿ ಒಂದು ನಿಮಿಷ ಇಟ್ಟು ಹಬೆಯಾಡುವ ವೈನ್ ಹೊರತೆಗೆಯುವವರಿದ್ದಾರೆ. ಇನ್ನು ಕೆಲವರು ತಣ್ಣಗಿನದನ್ನೇ ಒಂದು ಗುಟುಕು ಕುಡಿದು, ಮುಖ ಕಿವುಚಿ, ಕೆಟ್ಟುಹೋಗಿದೆ ಎಂದು ಸಿಂಕಿಗೆ ಸುರಿಯುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ.

ಮೊದಲು ಡಿಗ್ರಿಯ ಲೆಕ್ಕ. ಕೋಣೆಯ ತಾಪಮಾನ ಎಂಬ ನಿಯಮ ಹುಟ್ಟಿದ್ದು ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಬರುವ ಮುಂಚಿನ ಯುರೋಪಿನಲ್ಲಿ. ನೆಲಮಾಳಿಗೆಯಿಂದ ತಂದ ಬಾಟಲಿಯನ್ನು ಊಟದ ಕೋಣೆಯಲ್ಲಿ ಇಟ್ಟರೆ ಅದು ಏರುತ್ತಿದ್ದುದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಇವತ್ತಿನ ಕೋಣೆ 25 ಡಿಗ್ರಿ ಇದ್ದರೆ ಆ ಮಾತು ಪೂರಾ ದಾರಿ ತಪ್ಪಿಸುತ್ತದೆ. ಅದರ ಬದಲು ನೇರವಾಗಿ ಅಂಕಿಯನ್ನೇ ಅಚ್ಚು ಹಾಕಿ ಎಂಬುದು ನಮ್ಮ ಕೋರಿಕೆ. ಪಿನೋ ನ್ವಾರ್, ಗಾಮೆಯಂಥ ಹಗುರ ವೈನಿಗೆ 12ರಿಂದ 14. ಮರ್ಲೋ, ಸಾಂಜೊವೇಸೆಯಂಥ ನಡುವಿನವಕ್ಕೆ 14ರಿಂದ 16. ಕ್ಯಾಬರ್ನೆ ಸೊವಿನ್ಯೊ, ಶಿರಾಜ್‌ನಂಥ ದಪ್ಪ ವೈನಿಗೆ 16ರಿಂದ 18. ಫ್ರಿಜ್ಜಿನೊಳಗಿನ ವೈನ್ ಇರುವುದು ಹೆಚ್ಚುಕಡಿಮೆ 5 ಡಿಗ್ರಿಯಲ್ಲಿ. ಅಂದರೆ ಏರಬೇಕಾದದ್ದು ಏಳರಿಂದ ಹದಿಮೂರು ಡಿಗ್ರಿ, ಅಷ್ಟೇ. ತಾಪ ಎಲ್ಲೂ 'ಬಿಸಿ'ಯ ಹತ್ತಿರಕ್ಕೂ ಹೋಗಬೇಕಿಲ್ಲ. 16 ಡಿಗ್ರಿಯ ವೈನ್ ಕೈಗೆ ತಣ್ಣಗೇ ತಾಗುತ್ತದೆ.

5 ಡಿಗ್ರಿಯಲ್ಲಿ ರುಚಿ ಕೆಡುವುದೇಕೆ? ಘಮ ಕೊಡುವ ಅಂಶಗಳು ಆ ಚಳಿಯಲ್ಲಿ ಆವಿಯಾಗುವುದು ತೀರಾ ಕಡಿಮೆ, ಹಾಗಾಗಿ ಮೂಗಿಗೆ ಏನೂ ಸಿಗುವುದಿಲ್ಲ. ಹಣ್ಣಿನ ಸಿಹಿ ಹಿಂದೆ ಸರಿದು, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ನಿನ ಒಗರು ಮತ್ತು ಕಹಿ ನಾಲಿಗೆಯ ಮೇಲೆ ಮುಂದಕ್ಕೆ ಬರುತ್ತವೆ. 20 ದಾಟಿದರೆ ಉಲ್ಟಾ ತೊಂದರೆ: ಆಲ್ಕೋಹಾಲ್ ಮೊದಲು ಮೂಗಿಗೆ ಚುರುಕ್ ಎನ್ನುತ್ತದೆ, ಉಳಿದದ್ದೆಲ್ಲ ಸಪ್ಪೆ ಅನಿಸುತ್ತದೆ. ಒಮ್ಮೆ 35, 40 ಡಿಗ್ರಿಗೆ ಏರಿಸಿದ ವೈನನ್ನು ಮತ್ತೆ ತಣಿಸಿದರೂ ಹೋದ ಘಮ ತಿರುಗಿ ಬರುವುದಿಲ್ಲ.

ಈಗ ಮುಖ್ಯ ಮಾತು. ಉಳಿದ ವೈನನ್ನು ಬಾಟಲಿ ಸಮೇತ ಬೆಚ್ಚಗೆ ಮಾಡಬೇಡಿ. ಫ್ರಿಜ್ಜಿನಲ್ಲಿ ಇಟ್ಟದ್ದೇ ಗಾಳಿಯ ಆಮ್ಲಜನಕ ವೈನಿನ ಮೇಲೆ ಮಾಡುವ ಕೆಲಸವನ್ನು ನಿಧಾನಗೊಳಿಸಲು, ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯಲು. ಇಡೀ ಬಾಟಲಿಯನ್ನು ಹದಕ್ಕೆ ತಂದು, ಒಂದು ಲೋಟ ಬಗ್ಗಿಸಿ, ಉಳಿದದ್ದನ್ನು ಮತ್ತೆ ಒಳಗಿಟ್ಟರೆ ಪ್ರತಿ ಸಲವೂ ಆ ಕೆಲಸಕ್ಕೆ ವೇಗ ಕೊಟ್ಟಂತೆ. ತಣ್ಣಗಿನ ವೈನಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಬೆಚ್ಚಗಾದಾಗ ಅದು ಚುರುಕಾಗಿ ಕೆಲಸ ಮಾಡುತ್ತದೆ. ಹೀಗೆ ಏರಿಸಿ ಇಳಿಸಿ ಮಾಡುವುದು ಎರಡೂ ಕಡೆಯಿಂದ ನಷ್ಟ. ಬೇಕಾದಷ್ಟನ್ನು, ಒಬ್ಬರಿಗಾದರೆ 150 ಮಿ.ಲೀ., ತಣ್ಣಗಿರುವಾಗಲೇ ಬಗ್ಗಿಸಿಕೊಳ್ಳಿ. ಬಿರಡೆ ಹಾಕಿ ಬಾಟಲಿಯನ್ನು ತಕ್ಷಣ ಒಳಗಿಡಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಗಾಳಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ.

ಬಗ್ಗಿಸಿಕೊಂಡ ಆ 150 ಮಿ.ಲೀ.ಗೆ ನಾವು ಮೊದಲು ಹೇಳುವುದು ಸ್ಟೀಲ್ ಲೋಟ ಮತ್ತು ನೀರು: ವೈನಿರುವ ಲೋಟವನ್ನು ನೀರಿರುವ ಪಾತ್ರೆಯೊಳಗೆ ಇಡುವುದು. ವೈನ್ ತಯಾರಕರೇ ವೈನನ್ನು ಸ್ಟೀಲ್ ತೊಟ್ಟಿಗಳಲ್ಲಿ ಇಡುತ್ತಾರೆ, ಲೋಹದ ರುಚಿ ಬಿಡುತ್ತದೆಂಬ ಭಯ ಬೇಡ. ಅಲ್ಯೂಮಿನಿಯಂ, ಕಲಾಯಿಯಿಲ್ಲದ ತಾಮ್ರ ಮತ್ತು ಹಿತ್ತಾಳೆ ಬೇಡ. ವೈನಿನ ಹುಳಿ ಅವನ್ನು ತಿನ್ನುತ್ತದೆ. ಲೋಟದ ಗೋಡೆ ತೆಳು, ಲೋಹ ಶಾಖವನ್ನು ಬೇಗ ದಾಟಿಸುತ್ತದೆ, ಹಾಗಾಗಿ ದಪ್ಪ ಗಾಜಿನ ಬಾಟಲಿ ತೆಗೆದುಕೊಳ್ಳುವ ಸಮಯದ ಒಂದು ಸಣ್ಣ ಪಾಲು ಸಾಕು.

ನೀರು ಎಷ್ಟು, ಎಷ್ಟು ಬೆಚ್ಚಗೆ ಎಂಬುದರಲ್ಲೇ ಎಲ್ಲ ಇದೆ. ಹೊರಗಿನ ಪಾತ್ರೆಗೆ ವೈನಿನ ಎರಡರಷ್ಟು ನೀರು ತೆಗೆದುಕೊಳ್ಳಿ: 150 ಮಿ.ಲೀ. ವೈನಿಗೆ 300 ಮಿ.ಲೀ. ನೀರು. ವೈನ್ ಎಷ್ಟು ಡಿಗ್ರಿ ಏರಬೇಕೋ ಅದರ ಅರ್ಧವನ್ನು ನಿಮಗೆ ಬೇಕಾದ ಡಿಗ್ರಿಗೆ ಕೂಡಿಸಿ. ನೀರು ಅಷ್ಟು ಬೆಚ್ಚಗಿರಲಿ. 5ರಿಂದ 16ಕ್ಕೆ ಏರಬೇಕಾದರೆ ಏರಿಕೆ 11, ಅರ್ಧ ಐದೂವರೆ, ನೀರು 21.5 ಡಿಗ್ರಿ. 14 ಸಾಕೆಂದರೆ ನೀರು 18.5. 18 ಬೇಕೆಂದರೆ 24.5. ನೀರು ತನ್ನ ಶಾಖವನ್ನು ವೈನಿಗೆ ಕೊಡುತ್ತಾ ತಾನೂ ತಣಿಯುತ್ತದೆ, ಕೊನೆಗೆ ಎರಡೂ ಒಂದೇ ಡಿಗ್ರಿಯಲ್ಲಿ ನಿಲ್ಲುತ್ತವೆ. ವೈನಿಗೂ ನೀರಿಗೂ ಶಾಖ ಹಿಡಿಯುವ ಶಕ್ತಿ ಹತ್ತಿರ ಹತ್ತಿರ ಒಂದೇ ಆದ್ದರಿಂದ ಈ ಸುಲಭ ಲೆಕ್ಕ ನಡೆಯುತ್ತದೆ. ಇದರ ದೊಡ್ಡ ಲಾಭ ಏನೆಂದರೆ, ನಡುವೆ ಫೋನ್ ಬಂದು ಹತ್ತು ನಿಮಿಷ ಮರೆತರೂ ವೈನ್ ಹದ ಮೀರುವುದಿಲ್ಲ. ಇದೇ ಲೋಟವನ್ನು ಒಂದು ಲೀಟರ್ 30 ಡಿಗ್ರಿ ನೀರಿನಲ್ಲಿ ಇಟ್ಟು ಮರೆತರೆ ಅದು 26 ದಾಟುತ್ತದೆ.

ಹೊರಗಿನ ಪಾತ್ರೆಯೂ ತೆಳುವಾದ ಸ್ಟೀಲಿನದೇ ಇರಲಿ, ಬಾಯಿ ತೀರಾ ಅಗಲ ಬೇಡ. ದಪ್ಪ ಪಿಂಗಾಣಿ ಬೋಗುಣಿಯಾದರೆ ಅದೂ ಶಾಖದ ಲೆಕ್ಕದಲ್ಲಿ ಕೈಹಾಕುತ್ತದೆ. ನೀರಿನ ಮಟ್ಟ ಲೋಟದೊಳಗಿನ ವೈನಿನ ಮಟ್ಟಕ್ಕೆ ಸಮವಾಗಿರಬೇಕು. ಅದಕ್ಕಿಂತ ಮೇಲೆ ಬಂದರೆ ಹಗುರ ಲೋಟ ತೇಲಿ ವಾಲುತ್ತದೆ, ಕೆಳಗಿದ್ದರೆ ಮೇಲಿನ ಪದರ ತಣ್ಣಗೇ ಉಳಿಯುತ್ತದೆ. ಚಮಚದಿಂದ ಮೆಲ್ಲಗೆ ತಿರುವುತ್ತಿರಿ, ನೊರೆಯೇಳುವಂತೆ ಕಡೆಯಬೇಡಿ. ನಾಲ್ಕೈದು ನಿಮಿಷ ಸಾಕು. ಆಮೇಲೆ ಲೋಟದ ಹೊರಮೈ ಒರೆಸಿ ವೈನ್ ಗ್ಲಾಸಿಗೆ ಬಗ್ಗಿಸಿ. ಒರೆಸದೆ ಬಗ್ಗಿಸಿದರೆ ತಳದ ನೀರು ವೈನಿಗೆ ತೊಟ್ಟಿಕ್ಕುತ್ತದೆ.

ಇಷ್ಟು ಅಳತೆ ಬೇಡವೆನ್ನುವವರಿಗೆ ಪಿಂಗಾಣಿ ಮಗ್ ಇದೆ. 350 ಗ್ರಾಂ ತೂಗುವ ಮಗ್ಗಿನಲ್ಲಿ 40 ಡಿಗ್ರಿಯ, ಅಂದರೆ ಉಗುರುಬೆಚ್ಚಗಿನದಕ್ಕಿಂತ ತುಸು ಬಿಸಿಯಾದ ನೀರನ್ನು ತುಂಬಿ ಎರಡು ನಿಮಿಷ ಬಿಡಿ. ಚೆಲ್ಲಿ, ಒಳಗೆ ಒರೆಸಿ, 150 ಮಿ.ಲೀ. ತಣ್ಣನೆ ವೈನ್ ಹಾಕಿ ಒಂದು ನಿಮಿಷ ತಿರುವಿ. ಮಗ್ಗಿನ ಗೋಡೆಯಲ್ಲಿ ಕೂತ ಶಾಖವೇ ವೈನನ್ನು 15, 16ರ ಹತ್ತಿರಕ್ಕೆ ತರುತ್ತದೆ. ಮಗ್ ಹಗುರವಿದ್ದರೆ ಒಂದೆರಡು ಡಿಗ್ರಿ ಕಡಿಮೆ, ಭಾರವಿದ್ದರೆ ಒಂದೆರಡು ಹೆಚ್ಚು. ತೆಳು ಕಾಲಿನ ವೈನ್ ಗ್ಲಾಸಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅದರ ಗಾಜು ತೀರಾ ಹಗುರ, ಹಿಡಿದಿಡುವ ಶಾಖವೂ ಅಷ್ಟಕ್ಕಷ್ಟೇ.

ಮೈಕ್ರೋವೇವ್ ಎಂದೊಡನೆ ವೈನ್ ಬಲ್ಲವರು ಹೌಹಾರುತ್ತಾರೆ. ಹೌಹಾರುವಂಥದ್ದೇನಿಲ್ಲ, ಹತ್ತು ಸೆಕೆಂಡಿನ ಶಾಖ ಎಲ್ಲಿಂದ ಬಂತೆಂದು ವೈನಿಗೆ ಗೊತ್ತಾಗುವುದಿಲ್ಲ. ತಪ್ಪಾಗುವುದು ಸಮಯದಲ್ಲಿ. 150 ಮಿ.ಲೀ. ವೈನ್ 11 ಡಿಗ್ರಿ ಏರಲು ಬೇಕಾದ ಶಾಖ ಸುಮಾರು 7 ಕಿಲೋಜೂಲ್. 700 ವ್ಯಾಟ್ ಕೊಡುವ ಒಲೆ ಅದನ್ನು ಲೆಕ್ಕದ ಪ್ರಕಾರ 10 ಸೆಕೆಂಡಿನಲ್ಲಿ ಕೊಡುತ್ತದೆ. ಒಲೆ ಬಿಸಿ ಹಿಡಿಯಲು ಒಂದೆರಡು ಸೆಕೆಂಡ್ ಹೋಗುತ್ತದೆ, ಸಣ್ಣ ಪ್ರಮಾಣದ ದ್ರವ ಪೂರ್ತಿ ಶಕ್ತಿಯನ್ನು ಹೀರುವುದೂ ಇಲ್ಲ. ಹಾಗಾಗಿ 10 ಸೆಕೆಂಡ್ ಇಟ್ಟು, ತೆಗೆದು, ತಿರುವಿ, ಅಳೆದು, ಬೇಕಿದ್ದರೆ ಇನ್ನೊಂದು 5 ಸೆಕೆಂಡ್. 30 ಸೆಕೆಂಡ್ ಇಟ್ಟರೆ ಮುಗಿಯಿತು, ಅದು ವೈನ್ ಅಲ್ಲ, ಕಷಾಯ. ತಿರುವದೆ ಅಳೆದರೆ ಅಳತೆಗೆ ಅರ್ಥವಿಲ್ಲ, ಯಾಕೆಂದರೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುತ್ತದೆ.

ಇಲ್ಲೊಂದು ಮೋಸವಿದೆ. ಜಾಗ್ರತೆಗೆಂದು ಅರ್ಧ ಪವರ್ ಆರಿಸುವವರು ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಸಾಧಾರಣ ಮೈಕ್ರೋವೇವಿನಲ್ಲಿ ಅರ್ಧ ಪವರ್ ಎಂದರೆ ಪೂರ್ತಿ ಪವರನ್ನೇ ಸ್ವಲ್ಪ ಹೊತ್ತು ಹಚ್ಚಿ, ಸ್ವಲ್ಪ ಹೊತ್ತು ಆರಿಸುವುದು. ಆ ಒಂದು ಸುತ್ತೇ 20, 30 ಸೆಕೆಂಡ್ ಇರುತ್ತದೆ. 10 ಸೆಕೆಂಡ್ ಇಟ್ಟರೆ ನಿಮ್ಮ ಪಾಲಿಗೆ ಬಂದದ್ದು ಪೂರ್ತಿ ಉರಿಯೋ ಅರ್ಧ ಉರಿಯೋ ಹೇಳಲಾಗದು. ಪವರನ್ನೇ ತಗ್ಗಿಸಿ ಸತತವಾಗಿ ಕೊಡುವ ಇನ್ವರ್ಟರ್ ಮಾದರಿಯಲ್ಲದಿದ್ದರೆ ಫುಲ್ ಪವರಿನಲ್ಲಿ ಸೆಕೆಂಡ್ ಎಣಿಸುವುದೇ ಸರಿ. ಪಾತ್ರೆ ಪಿಂಗಾಣಿಯದೋ ಮೈಕ್ರೋವೇವಿಗೆಂದೇ ಮಾಡಿದ ಗಾಜಿನದೋ ಇರಲಿ. ಚಿನ್ನದ ಅಂಚಿನ ಗ್ಲಾಸ್, ಸೀಸ ಬೆರೆತ ಕ್ರಿಸ್ಟಲ್ ಬೇಡ. ಬಾಟಲಿಯನ್ನಂತೂ ಒಳಗಿಡಲೇಬಾರದು: ತಿರುಪು ಮುಚ್ಚಳ ತೆಗೆದರೂ ಕತ್ತಿನಲ್ಲಿ ಲೋಹದ ಬಳೆ ಉಳಿದಿರುತ್ತದೆ, ಅಲ್ಲೇ ಕಿಡಿ ಹಾರುತ್ತದೆ.

ಊಟಕ್ಕೆ ನಾಲ್ಕು ಜನ ಇದ್ದಾರೆ, ಅರ್ಧ ಬಾಟಲಿಯೂ ಇವತ್ತೇ ಖಾಲಿಯಾಗುತ್ತದೆ ಎಂದಾದರೆ ಬಾಟಲಿಯನ್ನೇ ನೀರಿಗಿಳಿಸಬಹುದು. 375 ಮಿ.ಲೀ. ವೈನ್ ಜೊತೆಗೆ ಅರ್ಧ ಕಿಲೋ ಗಾಜು. ಆ ಗಾಜು ಶಾಖದ ಲೆಕ್ಕದಲ್ಲಿ 100 ಮಿ.ಲೀ. ನೀರಿಗೆ ಸಮ. ಒಟ್ಟು 475, ಅದರ ಎರಡರಷ್ಟು ಎಂದರೆ ಸುಮಾರು ಒಂದು ಲೀಟರ್ ನೀರು, ಅದೇ 21.5 ಡಿಗ್ರಿ. ಆಗಾಗ ಬಾಟಲಿಯನ್ನು ತಿರುಗಿಸುತ್ತಿದ್ದರೆ 20 ನಿಮಿಷ ಹಿಡಿಯುತ್ತದೆ. ಅವಸರವಿದ್ದರೆ ನೀರು 25 ಡಿಗ್ರಿ ಇರಲಿ, ಹತ್ತು ನಿಮಿಷಕ್ಕೆ ತೆಗೆಯಿರಿ. ಮರೆತರೂ 19ರ ಮೇಲೆ ಹೋಗದು. ಬಾಟಲಿಯ ಗಾಳಿಯನ್ನು ಹೊರಗೆಳೆದು ಹಾಕುವ ನಿರ್ವಾತದ ರಬ್ಬರ್ ಬಿರಡೆ ಇದ್ದರೆ ಮೊದಲೇ ಗಾಳಿಯನ್ನು ಒಳಕ್ಕೆ ಬಿಡಿ, ಕಾರ್ಕನ್ನು ಸಡಿಲವಾಗಿ ಇಡಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು 60, 70 ಡಿಗ್ರಿಯ ನೀರಿಗೆ ಇಳಿಸುವುದು ಅಪಾಯ. ದಪ್ಪ ಗಾಜಿನ ಹೊರಮೈ ಹಿಗ್ಗಿ ಒಳಮೈ ಹಿಗ್ಗದೆ ಬಾಟಲಿ ಸೀಳಬಹುದು. ಗ್ಯಾಸ್ ಒಲೆಯ ಉರಿಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಡಿಕ್ಯಾಂಟರ್, ಅಂದರೆ ವೈನನ್ನು ಬಗ್ಗಿಸಿಡುವ ಗಾಜಿನ ಹೂಜಿ, ಇದ್ದವರಿಗೆ ಒಂದು ಸೂಕ್ಷ್ಮ. 700 ಗ್ರಾಂ ತೂಕದ ಡಿಕ್ಯಾಂಟರ್ 25 ಡಿಗ್ರಿಯ ಕೋಣೆಯಲ್ಲಿದ್ದರೆ, ಅದಕ್ಕೆ ಅರ್ಧ ಬಾಟಲಿ ತಣ್ಣನೆ ವೈನ್ ಸುರಿದಷ್ಟರಿಂದಲೇ ವೈನ್ 10ರ ಆಸುಪಾಸಿಗೆ ಏರುತ್ತದೆ. ಉಳಿದದ್ದನ್ನು ಕೋಣೆಯೇ ಮಾಡುತ್ತದೆ. ಆದರೆ ತೆರೆದು ಎರಡು ಮೂರು ದಿನವಾದ ವೈನ್ ಬೇಕಾದಷ್ಟು ಗಾಳಿ ಕುಡಿದಾಗಿದೆ, ಅದಕ್ಕೆ ಮತ್ತೆ ಗಾಳಿಯಾಡಿಸುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ.

ಏನೂ ಮಾಡದೆ ಕಾಯುವುದೂ ಒಂದು ವಿಧಾನ. 25 ಡಿಗ್ರಿಯ ಕೋಣೆಯಲ್ಲಿ ಬಾಟಲಿ 5ರಿಂದ 16ಕ್ಕೆ ಬರಲು ಒಂದು ಗಂಟೆಗೂ ಹೆಚ್ಚು ಬೇಕು, 20 ಡಿಗ್ರಿಯ ಕೋಣೆಯಲ್ಲಿ ಎರಡು ಗಂಟೆಯ ಹತ್ತಿರ. ಗ್ಲಾಸಿಗೆ ಬಗ್ಗಿಸಿಟ್ಟರೆ ಮುಕ್ಕಾಲು ಗಂಟೆ, ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದರೆ ಇನ್ನೂ ಬೇಗ. ಕಿಟಕಿಯ ಬಿಸಿಲು, ಫ್ರಿಜ್ಜಿನ ನೆತ್ತಿ, ಒಲೆಯ ಪಕ್ಕ ಇವು ಯಾವುವೂ ಬೇಡ. ಎಲ್ಲಿ ನಿಲ್ಲುತ್ತದೆಂಬ ಹಿಡಿತ ಇರುವುದಿಲ್ಲ.

ಯಾವ ವಿಧಾನವಾದರೂ ಬೇಕಾದ ಅಂಕಿಗಿಂತ ಎರಡು ಡಿಗ್ರಿ ಮೊದಲೇ ನಿಲ್ಲಿಸುವುದು ಜಾಣತನ. ಗ್ಲಾಸಿನಲ್ಲಿ ಕೂತ ವೈನ್ ಬೆಚ್ಚನೆ ಕೋಣೆಯಲ್ಲಿ ಹತ್ತು ನಿಮಿಷಕ್ಕೆ ಒಂದೂವರೆ, ಎರಡು ಡಿಗ್ರಿ ತಾನಾಗಿ ಏರುತ್ತದೆ. ಅಳೆಯಲು ಅಡುಗೆಯ ಕಡ್ಡಿ ಥರ್ಮಾಮೀಟರ್ ಸಾಕು. ನೀರು ಸೇರಿಸಿದ ಪುಡಿ ಐಸಿನಲ್ಲಿ ಅದ್ದಿದಾಗ ಅದು ಸೊನ್ನೆ ತೋರಿಸಬೇಕು. ದೂರದಿಂದ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಬಂದೂಕು ಬಾಟಲಿಯ ಹೊರಗಾಜನ್ನು ಅಳೆಯುತ್ತದೆ, ಒಳಗಿನ ವೈನನ್ನಲ್ಲ.

ಹದಕ್ಕೆ ಬಂದ ಮೇಲೆ ಮೂಸಿ ನೋಡಿ, ಅದಕ್ಕೂ ಮೊದಲು ತೀರ್ಪು ಕೊಡಬೇಡಿ. ಚಳಿ ಒಳ್ಳೆಯ ಘಮವನ್ನು ಮುಚ್ಚುವಂತೆ ದೋಷವನ್ನೂ ಮುಚ್ಚುತ್ತದೆ. 15 ಡಿಗ್ರಿಯಲ್ಲಿ ವಿನೆಗರ್, ಉಗುರುಬಣ್ಣ ಅಥವಾ ಜಜ್ಜಿದ ಸೇಬಿನ ವಾಸನೆ ಬಂದರೆ ಬಾಟಲಿ ಮುಗಿದಿದೆ ಎಂದರ್ಥ, ಯಾವ ತಾಪಮಾನವೂ ಅದನ್ನು ಉಳಿಸದು. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಗಾಬರಿ ಬೇಡ. ಅದು ಚಳಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ; 16 ಡಿಗ್ರಿಗೆ ಕರಗುವುದಿಲ್ಲ, ಅಪಾಯವೂ ಇಲ್ಲ. ನಿಧಾನ ಬಗ್ಗಿಸಿ, ಕೊನೆಯ ಗುಟುಕನ್ನು ಬಿಟ್ಟರಾಯಿತು.

ಲಾಂಬ್ರುಸ್ಕೊದಂಥ ಗುಳ್ಳೆಯೇಳುವ ರೆಡ್ ವೈನಿಗೆ ಇದಾವುದೂ ಅನ್ವಯಿಸುವುದಿಲ್ಲ. ಅದನ್ನು ತಣ್ಣಗೇ ಕುಡಿಯಬೇಕು, ಬೆಚ್ಚಗೆ ಮಾಡಿದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ. ಇನ್ನು ಬೆಚ್ಚಗೆ ಮಾಡಿದ್ದರಲ್ಲಿ ಅರ್ಧ ಲೋಟ ಉಳಿದರೆ ಅದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಬೇರೆ ಸಣ್ಣ ಶೀಶೆಯಲ್ಲಿ ಕಂಠದವರೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟು, ಮರುದಿನದ ಅಡುಗೆಗೆ ಬಳಸಿ.

ಇತಿ,
ಒಬ್ಬ ಓದುಗ